ಉಸಿರು ಬಿಟ್ಟ ಮೇಲೆ

ಆಸ್ಪತ್ರೆಯಲ್ಲಿ ಅವರನ್ನು ಎಲ್ಲರೂ ಉಸಿರಮ್ಮ ಎಂದೇ ಕರೆಯುತ್ತಿದ್ದರು. ಎಕ್ಸ್‌ರೇ ಕೋಣೆಯ ಬಾಗಿಲು ಎಷ್ಟು ಭದ್ರವಾಗಿ ಮುಚ್ಚಿದ್ದರೂ ಅವರ ದನಿ ಹೊರಗಿನ ಬೆಂಚಿನ ತನಕ ಕೇಳುತ್ತಿತ್ತು: "ಗಲ್ಲ ಮೇಲೆ. ಭುಜ ಮುಂದೆ. ಉಸಿರು ಎಳ್ಕೊಳ್ಳಿ... ಹಿಡೀರಿ!" ಬೆಂಚಿನ ಮೇಲೆ ಸರದಿ ಕಾಯುತ್ತಿದ್ದವರೂ ಅರಿವಿಲ್ಲದೆ ಉಸಿರು ಹಿಡಿದುಬಿಡುತ್ತಿದ್ದರು. ಜನ್ಮವಿಡೀ ಅದೇ ಕೆಲಸ ಮಾಡಿದ ಉಸಿರಮ್ಮ ತೆಗೆದ ಒಂದೇ ಒಂದು ಎಕ್ಸ್‌ರೇ ಕೂಡ ಮಸುಕಾಗಿರಲಿಲ್ಲ ಎಂದು ಹಳೆಯ ಡಾಕ್ಟರುಗಳು ಈಗಲೂ ಹೇಳುತ್ತಾರೆ.

ನಿವೃತ್ತಿಯಾದ ಮೊದಲ ತಿಂಗಳು ಅವರು ಮನೆಯ ಕಪಾಟುಗಳನ್ನೆಲ್ಲ ಖಾಲಿ ಮಾಡಿ ಜೋಡಿಸಿದರು. ಎರಡನೆಯ ತಿಂಗಳು, ಜೋಡಿಸಿದ್ದು ಸರಿಯಿಲ್ಲವೆಂದು ಮತ್ತೆ ಖಾಲಿ ಮಾಡಿದರು. ಅದೂ ಮುಗಿದ ಮೇಲೆ ಸೊಸೆಯ ಅಡುಗೆಯ ಕಡೆ ತಿರುಗಿದರು.

ಮಗ ಕೆಲಸಕ್ಕೆಂದು ಬೇರೆ ಊರಿನಲ್ಲಿದ್ದ. ಸೊಸೆ ನಗರದ ಬಸ್ಸಿನ ಡ್ರೈವರ್. ಬಸ್ಸಿನಲ್ಲಿ ದಿನಕ್ಕೆ ನೂರು ಜನರ ಗೊಣಗಾಟ ಕೇಳಿ ಬರುವವಳಿಗೆ ಮನೆಯಲ್ಲೂ ಅದೇ ಆದರೆ ಹೇಗೆ? ಒಂದು ಸಂಜೆ ಸೋತ ಕೈಗಳನ್ನು ಬಿಸಿನೀರಿನ ಬೋಗುಣಿಯಲ್ಲಿ ಅದ್ದಿ ಕೂತಿದ್ದವಳು ಮೆಲ್ಲಗೆ ಬಾಯಿ ಬಿಟ್ಟಳು.

"ಅತ್ತೆ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ಕಾಲೇಜಿಗೆ ಹೋಗಿ."

"ಯಾರು, ನಾನಾ? ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ. ಈಗ ಕಾಲೇಜಾ?"

"ಯೂನಿವರ್ಸಿಟೀಲಿ ವಯಸ್ಸು ಕೇಳಲ್ಲ. ನನ್ನ ಬಸ್ಸು ಅದರ ಗೇಟಿನ ಮುಂದೇನೇ ನಿಲ್ಲೋದು. ತಲೆ ಬೆಳ್ಳಗಾದವರು ಚೀಲ ಹಾಕ್ಕೊಂಡು ಇಳೀತಾರೆ, ನಾನೇ ನೋಡಿದೀನಿ. ಅಲ್ಲಿ ಫೋಟೋಗ್ರಫಿ ಹೇಳ್ಕೊಡ್ತಾರಂತೆ. ಇಷ್ಟು ವರ್ಷ ಜನರ ಒಳಗಿಂದೆಲ್ಲ ನೋಡಿದ್ರಿ, ಇನ್ನು ಸ್ವಲ್ಪ ಹೊರಗಿಂದೂ ನೋಡಿ."

ಉಸಿರಮ್ಮನ ಗಂಡ ಮನೆಯಿದ್ದ ಕಟ್ಟಡದ ಕೆಳಗೇ ಬೀಗ ರಿಪೇರಿಯ ಅಂಗಡಿ ಇಟ್ಟುಕೊಂಡವರು. ಬೀಗದವರು ಎಂದರೆ ಆ ಬೀದಿಗೆಲ್ಲ ಗೊತ್ತು. ತಟ್ಟೆಯಿಂದ ತಲೆಯೆತ್ತದೆ ಅವರೂ ಒಂದು ಮಾತು ಸೇರಿಸಿದರು. "ಹೋಗು ಮಾರಾಯ್ತಿ. ಬಂದ್ರೆ ಬೆಟ್ಟ, ಹೋದ್ರೆ ಕೂದಲು." ಮನೆ ಸ್ವಲ್ಪ ತಣ್ಣಗಿದ್ದರೆ ಸಾಕು ಎನ್ನುವುದು ಅವರ ಒಳಮಾತು.

ಹೀಗೆ ಉಸಿರಮ್ಮ ಯೂನಿವರ್ಸಿಟಿ ಸೇರಿದರು.

ಫೋಟೋಗ್ರಫಿ ವಿಭಾಗ ಹಳೆಯ ಕಟ್ಟಡವೊಂದರ ನೆಲಮಾಳಿಗೆಯಲ್ಲಿತ್ತು. ಮೊದಲ ದಿನ ಕೆಂಪು ದೀಪದ ಡಾರ್ಕ್‌ರೂಮಿಗೆ ಕಾಲಿಟ್ಟಾಗ ರಾಸಾಯನಿಕದ ಹುಳಿ ವಾಸನೆಗೆ ಹುಡುಗ ಹುಡುಗಿಯರೆಲ್ಲ ಮೂಗು ಮುಚ್ಚಿಕೊಂಡರು. ಉಸಿರಮ್ಮನಿಗೆ ಮಾತ್ರ ತವರಿಗೆ ಬಂದ ಹಾಗಾಯಿತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರು ಕತ್ತಲಲ್ಲಿ ನಿಂತು ಎಕ್ಸ್‌ರೇ ಫಿಲ್ಮುಗಳನ್ನು ಕೈಯಾರೆ ತೊಳೆದು ಒಣಹಾಕಿದ್ದು ಇಂಥದೇ ಕೋಣೆಯಲ್ಲಿ. ಆಮೇಲೆ ಕಂಪ್ಯೂಟರು ಬಂದು ಆ ಕೋಣೆ ಪೊರಕೆ ಇಡುವ ಜಾಗವಾಗಿತ್ತು.

ತರಗತಿಯಲ್ಲಿ ಅವರ ಪಕ್ಕ ಕೂರುತ್ತಿದ್ದವಳು ಉದ್ದನೆಯ ಕಾಲಿನ, ಉದ್ದನೆಯ ಕತ್ತಿನ ಹುಡುಗಿ. ಎಲ್ಲರೂ ಅವಳನ್ನು ಕೊಕ್ಕರೆ ಎನ್ನುತ್ತಿದ್ದರು, ಅವಳೂ ಅದಕ್ಕೇ ಓಗೊಡುತ್ತಿದ್ದಳು. ಇಬ್ಬರೂ ಸೇರಿ ಒಂದು ಟ್ರೈಪಾಡು ಹಂಚಿಕೊಂಡರು. ಹೊರಲು ಕೊಕ್ಕರೆ, ಅದರ ತಿರುಪು ಬಿಗಿಮಾಡಲು ಉಸಿರಮ್ಮ. ಬೆಳಕು ಅಳೆಯುವುದು, ಲೆನ್ಸು ಒರೆಸುವುದು, ಪ್ರಿಂಟು ತೊಳೆಯುವುದು ಉಸಿರಮ್ಮನಿಗೆ ನೀರು ಕುಡಿದಷ್ಟು ಸಲೀಸಾಗಿ ಬಂತು. ಮನೆಯಲ್ಲಿ ಊಟದ ಹೊತ್ತಿಗೆ ಮಾತೆಲ್ಲ ಅದೇ. ಸೊಸೆಯ ಅಡುಗೆ ತಾನೇ ತಾನಾಗಿ ರುಚಿಯಾಯಿತು.

ತೊಡಕು ಬಂದದ್ದು ಮೇಷ್ಟ್ರು ಡಿಜಿಟಲ್ ಕ್ಯಾಮೆರಾ ಕೈಗೆ ಕೊಟ್ಟು ಮನುಷ್ಯರ ಮುಖಗಳನ್ನು ತೆಗೆದುಕೊಂಡು ಬನ್ನಿ ಎಂದಾಗ.

ಇದೇನು ಮಹಾ ಎಂದುಕೊಂಡ ಉಸಿರಮ್ಮ ಇಸ್ತ್ರಿ ಅಂಗಡಿಯವರನ್ನು, ಮೇಲಿನ ಮನೆಯ ಅಕ್ಕತಂಗಿಯರನ್ನು, ಅಂಚೆಯವರನ್ನು, ತಮ್ಮ ಗಂಡನನ್ನು ಒಬ್ಬೊಬ್ಬರಾಗಿ ಬಿಳಿ ಗೋಡೆಗೆ ಒರಗಿಸಿ ನಿಲ್ಲಿಸಿದರು. "ಗಲ್ಲ ಮೇಲೆ. ಭುಜ ಮುಂದೆ. ಉಸಿರು ಹಿಡೀರಿ!" ಚಿತ್ರಗಳು ಗಾಜಿನಷ್ಟು ಸ್ಪಷ್ಟವಾಗಿ ಬಂದವು. ರೆಪ್ಪೆಯ ಕೂದಲನ್ನು ಒಂದೊಂದಾಗಿ ಎಣಿಸಬಹುದಿತ್ತು.

ತರಗತಿಯ ಗೋಡೆಗೆ ಅವನ್ನು ಅಂಟಿಸಿದರು. ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗ, "ಎಲ್ರೂ ರಿಪೋರ್ಟಿಗೆ ಕಾಯ್ತಿದಾರೆ" ಎಂದ. ನಗು ಎದ್ದಿತು. ಕೊಕ್ಕರೆ ಕೂಡ ತುಟಿ ಕಚ್ಚಿಕೊಂಡಳು.

ಮೇಷ್ಟ್ರು ನಗಲಿಲ್ಲ. ಉಸಿರಮ್ಮನ ಮಗನಿಗಿಂತ ಚಿಕ್ಕವರು, ಮಾತು ಮೃದು. "ಮೇಡಂ, ಫೋಕಸ್ಸು, ಬೆಳಕು ಎಲ್ಲ ಚೊಕ್ಕವಾಗಿದೆ. ಆದ್ರೆ ಇದರಲ್ಲಿ ಯಾರೂ ಉಸಿರಾಡ್ತಿಲ್ಲ."

"ಉಸಿರಾಡಿದ್ರೆ ಅಲುಗಾಡ್ತಾರಲ್ಲ ಸರ್."

"ಅಲುಗಾಡ್ಲಿ ಬಿಡಿ, ಮೇಡಂ."

ಮನೆಗೆ ಬಂದು ಗಂಡನ ಚಿತ್ರವನ್ನು ಗಂಡನ ಮುಂದೆಯೇ ಹಿಡಿದರು. "ನೀವೇ ಹೇಳಿ, ಇದಕ್ಕೇನಾಗಿದೆ?"

ಬೀಗದವರು ಕನ್ನಡಕ ಏರಿಸಿ ನೋಡಿದರು. "ಏನೂ ಆಗಿಲ್ಲ. ಪೊಲೀಸ್ ಸ್ಟೇಷನ್ನಿನ ಗೋಡೆಗೆ ಹೇಳಿ ಮಾಡಿಸಿದ ಹಾಗಿದೆ. ಕೆಳಗೆ 'ಬೀಗ ಒಡೆಯೋದ್ರಲ್ಲಿ ನಿಪುಣ' ಅಂತ ಬರೆದುಬಿಡು."

ಅತ್ತೆಯ ಮುಖ ನೋಡಿ ಸೊಸೆ ಸಾಕು ಬಿಡಿ ಎಂದು ಮಾವನಿಗೆ ಕಣ್ಸನ್ನೆ ಮಾಡಿದಳು.

ಮರುವಾರ ಉಸಿರಮ್ಮ ತದ್ವಿರುದ್ಧ ದಾರಿ ಹಿಡಿದರು. ಯಾರಿಗೂ ಹೇಳದೆ, ಯಾರನ್ನೂ ನಿಲ್ಲಿಸದೆ, ಬೀದಿಯಲ್ಲಿ ನಡೆಯುತ್ತ ಕ್ಯಾಮೆರಾ ಒತ್ತಿದರು. ಒಂದು ಚಿತ್ರದಲ್ಲಿ ಯಾರದೋ ಅರ್ಧ ಮೊಣಕೈ, ಇನ್ನೊಂದರಲ್ಲಿ ಸೈಕಲ್ಲಿನ ಹಿಂದಿನ ಚಕ್ರ ಮಾತ್ರ. ತರಕಾರಿ ಅಂಗಡಿಯ ಹೆಂಗಸು ಸೌತೆಕಾಯಿ ಕೈಯಲ್ಲಿ ಹಿಡಿದೇ ಎದ್ದು ಬಂದಳು. "ಏನಮ್ಮಾ, ಕೇಳದೇನೆ ತೆಗೀತೀಯಾ? ನನ್ನ ಮುಖ ಏನು ಬೀದೀಲಿ ಬಿದ್ದಿದೆಯಾ?" ಆಸ್ಪತ್ರೆಯಲ್ಲಿ ಹೇಳದೆ ಕೇಳದೆ ಯಾರ ಮೈಯನ್ನೂ ಮುಟ್ಟದ ಉಸಿರಮ್ಮನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ತಪ್ಪಾಯಿತು ಎಂದು ಹೇಳಿ, ಅವಳೆದುರೇ ಚಿತ್ರ ಅಳಿಸಿ ಬಂದರು.

ಆಮೇಲೆ ಅವರು ತರಗತಿಗೆ ಹೋಗುವುದನ್ನು ಬಿಟ್ಟರು. ಮೈ ಸರಿಯಿಲ್ಲ ಎಂದರು. ಕೊಕ್ಕರೆ ಫೋನು ಮಾಡಿದಳು. "ಆಂಟಿ, ಟ್ರೈಪಾಡಿನ ತಿರುಪು ಸಡಿಲ ಆಗಿದೆ, ಬನ್ನಿ." ಉಸಿರಮ್ಮ ಹ್ಞೂಂ ಎಂದರು, ಹೋಗಲಿಲ್ಲ. ಸೊಸೆಯ ಅಡುಗೆಯಲ್ಲಿ ಮತ್ತೆ ಉಪ್ಪು ಹೆಚ್ಚಾಗತೊಡಗಿತು.

ಅದೇ ಹೊತ್ತಿಗೆ ಬೀಗದವರಿಗೆ ಕೆಮ್ಮು ಹಿಡಿದುಕೊಂಡಿತು. ಹಿತ್ತಾಳೆಯ ಪುಡಿ ಗಂಟಲಿಗೆ ಹೋಗಿದೆ, ತಾನೇ ಹೋಗುತ್ತದೆ ಎಂದರು ಅವರು. ಹೋಗಲಿಲ್ಲ. ಡಾಕ್ಟರು ಎದೆಯ ಎಕ್ಸ್‌ರೇ ಬರೆದರು. ಉಸಿರಮ್ಮನಿಗೆ ಒಳಗೊಳಗೇ ಭಯ. ಬೇರೆಯವರ ಎದೆಯಲ್ಲಿ ಏನೇನು ಕಾಣಬಹುದೆಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಎಕ್ಸ್‌ರೇ ಕೋಣೆಯಲ್ಲಿ ಈಗ ಅವರೇ ತರಬೇತಿ ಕೊಟ್ಟಿದ್ದ ಹುಡುಗಿಯಿದ್ದಳು. "ಅಮ್ಮಾ, ನೀವು ಹೊರಗೆ ಯಾಕೆ ಕೂರ್ತೀರಿ? ನನ್ನ ಜೊತೆ ಒಳಗೆ ಬನ್ನಿ" ಎಂದು ಗಾಜಿನ ಹಿಂದಿನ ಇಕ್ಕಟ್ಟು ಜಾಗದಲ್ಲಿ ನಿಲ್ಲಿಸಿಕೊಂಡಳು. ಗುಂಡಿ ಒತ್ತುವವಳು ಅವಳು. ಉಸಿರಮ್ಮನಿಗೆ ನೋಡುವುದನ್ನು ಬಿಟ್ಟು ಬೇರೆ ಕೆಲಸವಿರಲಿಲ್ಲ.

"ಉಸಿರು ಎಳ್ಕೊಳ್ಳಿ. ಹಿಡೀರಿ."

ಗಾಜಿನಾಚೆ ಬೀಗದವರು ಪಾರಿವಾಳದ ಹಾಗೆ ಎದೆಯುಬ್ಬಿಸಿ ನಿಂತರು. ಮುಖ ಹೆಪ್ಪುಗಟ್ಟಿತು. ಗೋಡೆಯ ಚಿತ್ರದಲ್ಲಿದ್ದ ಮುಖ ಅದೇ.

"ಆಯ್ತು, ಬಿಡಿ."

ಬೀಗದವರ ತುಟಿ ಉಬ್ಬಿ, ಬುಸ್ ಎಂದು ಗಾಳಿ ಹೊರಬಂತು. ಭುಜ ಇಳಿಯಿತು. ಹಣೆಯ ಗಂಟು ಸಡಿಲವಾಯಿತು. ಮಕ್ಕಳು ಮರದಿಂದ ಇಳಿದ ಮೇಲೆ ನೆಲ ನೋಡಿಕೊಳ್ಳುವಂತೆ ಒಮ್ಮೆ ಕೆಳಗೆ ನೋಡಿ, ಆಮೇಲೆ ತಲೆಯೆತ್ತಿ ಗಾಜಿನ ಈಚೆ ಹೆಂಡತಿ ಎಲ್ಲಿದ್ದಾಳೆಂದು ಹುಡುಕಿದರು. ಸಿಕ್ಕಿದಳೆಂದು ತಿಳಿದಾಗ ಹುಬ್ಬು ಕುಣಿಸಿದರು.

ಉಸಿರಮ್ಮ ಗಾಜಿಗೆ ಕೈಯಿಟ್ಟು ನಿಂತೇ ಇದ್ದರು. ಇಷ್ಟು ವರ್ಷ "ಬಿಡಿ" ಎಂದ ಮರುಗಳಿಗೆಯೇ ಅವರು ಫಿಲ್ಮಿನ ಕಡೆಗೋ ಪರದೆಯ ಕಡೆಗೋ ತಿರುಗುತ್ತಿದ್ದರು. ಆಮೇಲೆ ಆ ಮನುಷ್ಯನ ಮುಖದ ಮೇಲೆ ಏನಾಗುತ್ತದೆಂದು ನೋಡಲು ಪುರುಸೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಬೀಗದವರ ಎದೆ ಚೊಕ್ಕವಾಗಿತ್ತು. "ನಾನು ಹೇಳ್ಲಿಲ್ವಾ, ಹಿತ್ತಾಳೆ ಪುಡಿ ಅಂತ?" ಎಂದು ದಾರಿಯುದ್ದಕ್ಕೂ ಜಂಬ ಕೊಚ್ಚಿಕೊಂಡರು. ಪಕ್ಕದಲ್ಲಿ ನಡೆಯುತ್ತಿದ್ದ ಉಸಿರಮ್ಮ ಅವರ ಮುಖವನ್ನೇ ನೋಡುತ್ತಿದ್ದರು. ಬೀಗದವರಿಗೆ ಅನುಮಾನ ಬಂತು.

"ಯಾಕೆ, ನನ್ನ ಎದೇಲಿ ಏನೂ ಸಿಗ್ಲಿಲ್ಲ ಅಂತ ಬೇಜಾರಾ?"

"ಅಯ್ಯೋ, ಬಿಡ್ತು ಅನ್ನಿ! ಮನೆಗೆ ಹೋದ ಮೇಲೆ ಕಿಟಕಿ ಹತ್ರ ಸ್ವಲ್ಪ ನಿಂತ್ಕೊಳ್ತೀರಾ?"

ಕಿಟಕಿಯ ಹತ್ತಿರ ಅವರನ್ನು ನಿಲ್ಲಿಸಿ, ಉಸಿರು ಹಿಡಿಸಿ, ಕ್ಯಾಮೆರಾ ಒತ್ತುವಂತೆ ನಟಿಸಿದರು. "ಆಯ್ತು, ಬಿಡಿ" ಎಂದು, ಆ ಬುಸ್ ಎನ್ನುವ ಗಳಿಗೆಯಲ್ಲಿ ನಿಜವಾಗಿ ಒತ್ತಿದರು. ಸಂಜೆ ಬಂದ ಸೊಸೆ ಚಿತ್ರ ನೋಡಿದಳು. "ಅಯ್ಯೋ, ಇದು ನಮ್ಮ ಮಾವ!" ಎಂದಳು.

ಮರುದಿನ ಉಸಿರಮ್ಮ ತರಗತಿಗೆ ಹೊರಟರು. ಆ ವಾರವಿಡೀ ಕಂಡಕಂಡವರ ಉಸಿರು ಹಿಡಿಸಿ ಬಿಡಿಸಿದರು. ಕೊಕ್ಕರೆ ಜೊತೆಗೆ ಬೆಳಕು ಹಿಡಿದು ತಿರುಗಿದಳು. ಹೊಸ ಚಿತ್ರಗಳನ್ನು ನೋಡಿ ಕುಣಿದಾಡಿದವಳೂ ಅವಳೇ, ಕೊಂಕು ತೆಗೆದವಳೂ ಅವಳೇ.

"ಆದ್ರೆ ಆಂಟಿ, ಇದು ಮೋಸ ಅಲ್ವಾ? ಮುಗೀತು ಅಂತ ಹೇಳಿ ಆಮೇಲೆ ತೆಗೀತೀರಿ. ಅವರು ಒಪ್ಪಿದ್ದು ಮೊದಲಿನ ಫೋಟೋಗೆ."

ಉಸಿರಮ್ಮನಿಗೆ ಸೌತೆಕಾಯಿ ಹಿಡಿದ ಕೈ ಕಣ್ಣಮುಂದೆ ಬಂತು. ಮರುದಿನ ಬೆಳಿಗ್ಗೆ ಎದ್ದು, ಚಿತ್ರ ತೆಗೆಸಿಕೊಂಡ ಒಬ್ಬೊಬ್ಬರ ಮನೆಗೂ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿ ಚಿತ್ರ ತೋರಿಸಿದರು. ಅಂಚೆಯವರು ತಮ್ಮದನ್ನು ಬೇಡವೆಂದರು, ಅದನ್ನು ಅಳಿಸಿದರು. ಉಳಿದವರಿಗೆ ಖುಷಿಯೇ ಆಗಿತ್ತು. ಅಲ್ಲಿಂದ ಮುಂದೆ ಮೊದಲೇ ಹೇಳತೊಡಗಿದರು: "ನೋಡಿ, ನೀವು ಉಸಿರು ಬಿಟ್ಟ ಮೇಲೆ ನಾನು ಫೋಟೋ ತೆಗೆಯೋದು. ಪರವಾಗಿಲ್ವಾ?"

ಗೊತ್ತಾದ ಮೇಲೆ ಜನ ನಾಟಕ ಮಾಡುತ್ತಾರೆ, ಕೆಲಸ ಕೆಡುತ್ತದೆ ಎಂದು ಕೊಕ್ಕರೆ ಹೆದರಿದ್ದಳು. ಹಾಗಾಗಲಿಲ್ಲ. ಉಸಿರು ಹಿಡಿಯುವುದರಲ್ಲಿ ಎಲ್ಲರೂ ಬಿಗುಮಾನ ತೋರಿಸುತ್ತಿದ್ದರು, ಬಿಡುವಾಗ ಅವರವರ ಮುಖ ಅವರವರಿಗೆ ವಾಪಸ್ಸು ಬರುತ್ತಿತ್ತು. ಬೀಗದವರೊಬ್ಬರನ್ನು ಬಿಟ್ಟು. ಗುಟ್ಟು ತಿಳಿದ ಮೇಲೆ ಅವರು ಕಮ್ಮಾರನ ತಿದಿಯ ಹಾಗೆ ಊದಿ, ಕಣ್ಣು ಮೇಲೆ ಮಾಡಿ, ಚಿತ್ರ ಕೆಡಿಸಿಯೇ ತೀರುತ್ತಿದ್ದರು.

ಸೊಸೆಯ ಚಿತ್ರ ತೆಗೆದದ್ದು ಕೊನೆಗೆ. ಡ್ಯೂಟಿ ಮುಗಿಸಿ ಬಂದವಳು ಸಮವಸ್ತ್ರದಲ್ಲೇ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಬೂಟು ಬಿಚ್ಚುತ್ತಿದ್ದಳು. "ತೆಗೀಲಾ?" ಎಂದರು ಉಸಿರಮ್ಮ. "ತೆಗೀರಿ ಅತ್ತೆ, ಆದ್ರೆ ನನ್ನ ಕೈಲಿ ಉಸಿರುಗಿಸಿರು ಹಿಡಿಯಕ್ಕಾಗಲ್ಲ, ಸಾಕಾಗಿದೆ" ಎಂದು ಎರಡನೆಯ ಬೂಟು ಕಿತ್ತು, ಕಾಲ್ಬೆರಳು ಅಗಲಿಸಿ, ತಲೆಯನ್ನು ಗೋಡೆಗೆ ಒರಗಿಸುತ್ತ ಅವಳೇ ದೊಡ್ಡದಾಗಿ ಉಸಿರುಬಿಟ್ಟಳು. ಉಸಿರಮ್ಮ ಒತ್ತಿದರು. ಬೆಳಕು ಸಾಲದೆ ಚಿತ್ರ ಮಸುಕಾಗಿ ಬಂತು. ತಲೆ ಗೋಡೆಗೆ ತಾಗುವ ಮೊದಲಿನ ಅಲುಗಾಟವೆಲ್ಲ ಅದರಲ್ಲಿ ಸೇರಿಕೊಂಡಿತ್ತು. ಉಸಿರಮ್ಮ ಅದನ್ನು ಅಳಿಸಲು ಹೋಗಿ ಕೈ ಹಿಂದೆಗೆದರು.

ವರ್ಷದ ಕೊನೆಗೆ ನೆಲಮಾಳಿಗೆಯ ಕಾರಿಡಾರಿನಲ್ಲಿ ಪ್ರದರ್ಶನವಾಯಿತು. ಮೇಷ್ಟ್ರು ಸೊಸೆಯ ಚಿತ್ರದ ಮುಂದೆ ಬಹಳ ಹೊತ್ತು ನಿಂತರು.

"ಮೇಡಂ, ಇದು ಅಲುಗಾಡಿದೆ."

"ಗೊತ್ತು ಸರ್. ನಾನು ಬದುಕಲ್ಲಿ ತೆಗೆದ ಮೊದಲನೇ ಮಸುಕು ಫೋಟೋ. ಇರ್ಲಿ ಅಂತ ಹಾಕಿದೀನಿ."

ಮೇಷ್ಟ್ರು ನಕ್ಕರು. ಅಂಕ ಕೊಡುವಾಗ ಮಾತ್ರ ಉದಾರವಾಗಿರಲಿಲ್ಲ. ಉಸಿರಮ್ಮ ತರಗತಿಯ ನಡುವಿನಲ್ಲೆಲ್ಲೋ ಬಂದರು, ಕೊಕ್ಕರೆ ಮೊದಲಿಗಳಾದಳು. ಅದಕ್ಕೆ ಹೆಚ್ಚು ಕುಣಿದಾಡಿದವರು ಉಸಿರಮ್ಮನೇ.

ಸೊಸೆ ಡ್ಯೂಟಿಯ ನಡುವೆ ಬಿಡುವು ಮಾಡಿಕೊಂಡು ಬಂದಿದ್ದಳು. ತನ್ನ ಚಿತ್ರದ ಮುಂದೆ ನಿಂತು ಹತ್ತಿರ ಬಾಗಿ ನೋಡಿದಳು. ಉಸಿರಮ್ಮನಿಗೆ ಅಳುಕು. ಬೂಟು ಬಿಚ್ಚಿದ್ದು, ಕೂದಲು ಕೆದರಿದ್ದು, ಎಲ್ಲರ ಕಣ್ಣಿಗೂ ಬಿತ್ತಲ್ಲ!

"ಬೇಡ ಅನ್ಸಿದ್ರೆ ಈಗ್ಲೇ ತೆಗೆಸ್ತೀನಿ ಕಣಮ್ಮಾ."

"ಇದರದ್ದು ಇನ್ನೊಂದು ಪ್ರಿಂಟು ಹಾಕಿಸಿ ಅತ್ತೆ. ಅಮ್ಮನಿಗೆ ಕಳಿಸ್ಬೇಕು."

ಸೊಸೆಯ ತಾಯಿ ದೂರದ ಊರಿನವರು. ಮಗಳು ಬಸ್ಸು ಓಡಿಸುವುದು ಅವರಿಗೆ ಮೊದಲಿನಿಂದಲೂ ಸರಿಬಂದಿರಲಿಲ್ಲ. ಮಗಳನ್ನು ದುಡಿಯಲು ಬಿಟ್ಟಿದ್ದಾರೆಂದು ಅಳಿಯನ ಮನೆಯವರ ಮೇಲೆ ಒಳಗೊಳಗೇ ಮುನಿಸು. ಬೀಗಿತ್ತಿಯರಿಬ್ಬರ ನಡುವೆ ಫೋನಿನಲ್ಲಿ ಚೆನ್ನಾಗಿದ್ದೀರಾ, ಚೆನ್ನಾಗಿದ್ದೇವೆ ಎನ್ನುವುದಕ್ಕಿಂತ ಹೆಚ್ಚು ಮಾತಿರಲಿಲ್ಲ. "ನಾನು ಬೀಗ ರಿಪೇರಿ ಮಾಡಬಲ್ಲೆ, ಬೀಗರನ್ನ ಅಲ್ಲ" ಎಂದು ಬೀಗದವರು ಕೈಚೆಲ್ಲಿ ಬಹಳ ವರ್ಷಗಳಾಗಿದ್ದವು.

ಚಿತ್ರ ತಲುಪಿದ ದಿನ ಫೋನು ಬಂತು, ಅದೂ ನೇರವಾಗಿ ಉಸಿರಮ್ಮನಿಗೆ.

"ನನ್ನ ಮಗಳು ಯಾವಾಗಿಂದ ಇಷ್ಟು ದಪ್ಪ ಆದ್ಲು?" ಎಂದರು ಬೀಗಿತ್ತಿ, ಮೊದಲ ಮಾತಿಗೇ.

ಆ ಕಡೆಯಿಂದ ಮೂಗು ಏರಿಸಿಕೊಂಡ ಸದ್ದು ಕೇಳಿತು.

"ಚಿಕ್ಕೋಳಿದ್ದಾಗ ಸ್ಕೂಲಿಂದ ಬಂದು ಹಿಂಗೇ ಗೋಡೆಗೆ ತಲೆ ಕೊಟ್ಟು ಕೂರ್ತಿದ್ಲು. ನಿಶ್ಚಿಂತೆಯಿಂದ. ನಿಮ್ಮನೇಲೂ ಹಂಗೆ ಕೂರ್ತಾಳೆ ಅಂತ ನನಗೆ ಗೊತ್ತಿರ್ಲಿಲ್ಲ ನೋಡಿ."

"ದಿನಾ ಕೂರ್ತಾಳೆ. ಅಡುಗೆಮನೆ ಸ್ಟೂಲು ಅವಳದ್ದೇ. ಬೇರೆ ಯಾರಾದ್ರೂ ಕೂತ್ರೆ ಎಬ್ಬಿಸ್ತಾಳೆ."

ಬೀಗಿತ್ತಿ ನಕ್ಕರು. ಆಮೇಲೆ ಸುಮಾರು ಹೊತ್ತು ಮಾತು ನಡೆಯಿತು: ಮಂಡಿನೋವು, ಗಂಡಂದಿರು, ಇಬ್ಬರಿಗೂ ಬಾರದ ನಿದ್ದೆ. ಇಡುವ ಮೊದಲು ಬೀಗಿತ್ತಿ ಸ್ವಲ್ಪ ಸಂಕೋಚದಿಂದ ಕೇಳಿದರು, "ರಜಾ ಇದೆಯಂತಲ್ಲ ನಿಮಗೆ. ಒಂದು ಸಲ ಇಲ್ಲಿಗೆ ಬನ್ನಿ. ನಂದೂ ನಮ್ಮ ಯಜಮಾನ್ರದೂ ಒಂದೊಂದು ತೆಗೀಬಹುದಾ?"

"ಬರ್ತೀನಿ, ಬರ್ತೀನಿ. ಖಂಡಿತ ಬರ್ತೀನಿ."

ಫೋನಿಟ್ಟು ಉಸಿರಮ್ಮ ಮೆಟ್ಟಿಲಿಳಿದು ಅಂಗಡಿಗೆ ಹೋದರು. ಬೀಗದವರು ಯಾರದೋ ಕಬ್ಬಿಣದ ಪೆಟ್ಟಿಗೆಗೆ ಅರದಿಂದ ಕೀಲಿಕೈ ಉಜ್ಜುತ್ತಿದ್ದರು.

"ರೀ, ಮುಂದಿನ ವಾರ ಅಂಗಡಿ ಮುಚ್ಚಿ. ಬೀಗರ ಊರಿಗೆ ಹೋಗೋಣ."

ಬೀಗದವರು ಉಜ್ಜುವುದನ್ನು ನಿಲ್ಲಿಸಿ ಹೆಂಡತಿಯ ಮುಖ ನೋಡಿದರು. "ಕಿಟಕಿ ಪಕ್ಕದ ಸೀಟು ನನಗೆ" ಎಂದು ಹೇಳಿ ಮತ್ತೆ ಅರ ಕೈಗೆತ್ತಿಕೊಂಡರು.