ಸಂಬಂಧ ಕುದುರಿಸುವ ಮೇಷ್ಟ್ರು

ತಮ್ಮದೇ ಕೋಣೆಯ ಬಾಗಿಲನ್ನೂ ತಟ್ಟಿ ಒಳಗೆ ಹೋಗುವ ಮನುಷ್ಯ ಅವರು. ವಿಶ್ವವಿದ್ಯಾಲಯದಲ್ಲಿ ಅವರಿಗೆ ತಮ್ಮದೆಂಬ ವಿಭಾಗವಿರಲಿಲ್ಲ. ಎಂಜಿನಿಯರುಗಳ ಕಣ್ಣಿಗೆ ಸಮಾಜಶಾಸ್ತ್ರದವರು, ಸಮಾಜಶಾಸ್ತ್ರದವರ ಕಣ್ಣಿಗೆ ದಾರಿ ತಪ್ಪಿ ಬಂದ ಎಂಜಿನಿಯರು. ವರ್ಷಗಟ್ಟಲೆ ಎರವಲು ಕೋಣೆಗಳಲ್ಲೇ ಕಳೆದು ಬಾಗಿಲು ತಟ್ಟುವುದು ಕೈಗೆ ಅಂಟಿಬಿಟ್ಟಿತ್ತು. ಮೊಣಕೈ ಸವೆದ ಬೂದುಬಣ್ಣದ ಕೋಟು, ಎದುರು ಬಂದವರಿಗೆಲ್ಲ ಜಾಗ ಬಿಡುತ್ತಾ ಗೋಡೆಗೆ ಒತ್ತಿಕೊಂಡ ನಡಿಗೆ, ಮಾತುಮಾತಿಗೆ "ಇಬ್ಬರೂ ಸರಿ, ಆದ್ರೆ..." ಎಂಬ ರಾಗ. ತಂತ್ರಜ್ಞಾನವನ್ನೂ ಸಮಾಜವನ್ನೂ ಒಟ್ಟಿಗೆ ಓದಿಸುವ ಪದವಿಯೊಂದನ್ನು ಕಟ್ಟಲು ಹೊರಟ ಈ ಬ್ರಹ್ಮಚಾರಿಗೆ ವಿದ್ಯಾರ್ಥಿಗಳು 'ಸಂಬಂಧ ಕುದುರಿಸುವ ಮೇಷ್ಟ್ರು' ಎಂದು ಹೆಸರಿಟ್ಟದ್ದರಲ್ಲಿ ತಪ್ಪೇನೂ ಇರಲಿಲ್ಲ.

ಮೇಷ್ಟ್ರದೊಂದು ಹಠವಿತ್ತು: ಪ್ರತಿ ಪ್ರಬಂಧವನ್ನೂ ಎರಡೂ ವಿಭಾಗದ ಪರೀಕ್ಷಕರು ಒಂದೇ ಮೇಜಿಗೆ ಕೂತು ಓದಿ, ವಾದಿಸಿ, ಒಪ್ಪಿ, ಒಂದೇ ಅಂಕ ಕೊಡಬೇಕು. ಸರಾಸರಿ ತೆಗೆದು ಕೈತೊಳೆದುಕೊಳ್ಳುವಂತಿಲ್ಲ. ಮೊದಲ ವರ್ಷ ಯಂತ್ರಶಾಸ್ತ್ರದ ಪ್ರಾಧ್ಯಾಪಕರೂ ಸಮಾಜಶಾಸ್ತ್ರದ ಮೇಡಮ್ಮೂ ಜಗ್ಗದೆ ಫಲಿತಾಂಶವೇ ನಿಂತುಹೋಗಿ, ಈ ಸಲವೂ ಹೀಗಾದರೆ ಪದವಿಯನ್ನೇ ಮುಚ್ಚುವುದಾಗಿ ಕುಲಪತಿಗಳು ಖಡಾಖಂಡಿತವಾಗಿ ಹೇಳಿದ್ದರು.

ಈ ಸಲದ ಪ್ರಬಂಧ ಆಸ್ಪತ್ರೆಯ ಟೋಕನ್ ಯಂತ್ರದ ಮೇಲೆ.

"ಮಶೀನು ಸರಿಯಾಗೇ ಇದೆಯಲ್ಲ, ಇನ್ನೇನು?" ಎಂದರು ಪ್ರಾಧ್ಯಾಪಕರು.

"ಮಶೀನು ಸರಿ ಸಾರ್. ಅಕ್ಷರ ಕಾಣದ ಅಜ್ಜಿ ಏನ್ಮಾಡ್ಬೇಕು?" ಎಂದರು ಮೇಡಂ.

ಪ್ರಾಧ್ಯಾಪಕರು ಪೆನ್ನು ತೆಗೆದರು. ಹಾಳೆಯೊಂದರ ಮೇಲೆ ಯಂತ್ರದ ಗುಂಡಿಗಳನ್ನು ಬೇರೆ ಥರ ಬರೆಯತೊಡಗಿದರು. ಮೇಡಂ ಕುರ್ಚಿ ಎಳೆದುಕೊಂಡು ಬಂದು ತಿದ್ದತೊಡಗಿದರು. ಸಂಜೆಯ ಹೊತ್ತಿಗೆ ಒಂದೇ ಅಂಕ ಬಿತ್ತು, ಪದವಿ ಉಳಿಯಿತು. ಮುಖ ಕಂಡರಾಗದ ಆ ಇಬ್ಬರೂ ಜಗಳ ಮುಂದುವರಿಸುತ್ತಲೇ ಕ್ಯಾಂಟೀನಿನ ಕಡೆ ಹೊರಟರು. ಮೇಷ್ಟ್ರನ್ನೂ ಕರೆಯಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಮೇಷ್ಟ್ರು ಕೋಟಿನ ಗುಂಡಿ ಹಾಕಿಕೊಂಡು ಎದ್ದು ನಿಂತಿದ್ದವರು ಮತ್ತೆ ಕೂತರು.

ಮುಂದಿನ ವರ್ಷದಿಂದ ಪದವಿಯ ಹೊಣೆಯನ್ನು ಆ ಇಬ್ಬರೇ ಹೊತ್ತರು. ನಡುವೆ ಮೂರನೆಯವರ ಅಗತ್ಯ ಬೀಳಲಿಲ್ಲ.

"ಆಯ್ತಾ ಅಣ್ಣ?" ಎಂದು ತಂಗಿ ಫೋನಿನಲ್ಲಿ ಕೇಳಿದಳು.

"ಆಯ್ತಮ್ಮ. ಇನ್ನು ನಾನಿಲ್ದೇನೂ ನಡೆಯತ್ತೆ."

"ಒಳ್ಳೇದೇ ಅಲ್ವಾ? ದನಿ ಯಾಕೆ ಹೀಗಿದೆ?"

ಮೇಷ್ಟ್ರು ನೆಗಡಿಯೆಂದರು. ಅಂದುಕೊಂಡದ್ದೆಲ್ಲ ಕೈಗೂಡಿತ್ತು, ಅದಕ್ಕೇ ಅಳು ಬರುವಂತಾಗಿತ್ತು.

ಇಬ್ಬರನ್ನು ಒಂದೆಡೆ ಕೂಡಿಸುವವರ ಪಾಡೇ ಇಷ್ಟು. ಕೆಲಸ ಕೆಟ್ಟರೆ ಎಲ್ಲರೂ ಅವರನ್ನು ಹುಡುಕಿಕೊಂಡು ಬರುತ್ತಾರೆ. ಕೈಗೂಡಿದ ದಿನ, ಆ ಇಬ್ಬರೂ ಮೊದಲಿನಿಂದ ಒಟ್ಟಿಗೇ ಇದ್ದರೆಂದು ಲೋಕ ನಂಬಿಬಿಡುತ್ತದೆ.