ತ್ರಿವೇಣಿಯ ಕಿವಿಗೆ ಇಂಗ್ಲಿಷ್ ಬಿದ್ದ ಬಗೆ

ಸಮಸ್ತ ನಾಗರಿಕರ ಗಮನಕ್ಕೆ ತರಬೇಕಾದ ಗಂಭೀರ ಸಂಗತಿಯೊಂದಿದೆ. ಖಾನಾಪುರ ತಾಲೂಕಿನ ಕಾಡಂಚಿನ ಒಂದು ಸಣ್ಣ ಊರಿನಲ್ಲಿ ಕರೆಪ್ಪನವರ ಮನೆಯ ಮಿಕ್ಸರ್ ಬಂದ್ ಆಗಿತ್ತು. ಕೆಟ್ಟು ನಿಂತದ್ದಲ್ಲ, ನಿಷೇಧಕ್ಕೆ ಒಳಗಾಗಿತ್ತು. ಇನ್ನು ಮುಂದೆ ಶೇಂಗಾ ಚಟ್ನಿಯನ್ನು ಒರಳಲ್ಲಿ ಕುಟ್ಟಬೇಕು, ಅದನ್ನೂ ಹಿತ್ತಲಲ್ಲೇ ಕುಟ್ಟಬೇಕು ಎಂದು ಮನೆಯೊಡತಿ ಮಾಯಕ್ಕ ಆಜ್ಞೆ ಹೊರಡಿಸಿದ್ದಳು. ಆಜ್ಞೆ ಹೊರಡಿಸಿದವಳೂ ಕುಟ್ಟುವವಳೂ ಒಬ್ಬಳೇ ಆದ್ದರಿಂದ ಉಲ್ಲಂಘನೆಯ ಪ್ರಶ್ನೆ ಬರಲಿಲ್ಲ. ಮಿಕ್ಸರಿನ ಹಿಂದೆಯೇ ಟಿ.ವಿ. ಹೋಯಿತು. ಮಾಯಕ್ಕನ ಮೊಬೈಲು ಅಕ್ಕಿ ಡಬ್ಬಿ ಸೇರಿತು. ಎಮ್ಮೆಯ ಕೊರಳ ಗಂಟೆಗೆ ಹಳೇ ಅರಿವೆ ಸುತ್ತಲಾಯಿತು. ಪಕ್ಕದ ಮನೆಯ ಮುದುಕಿ ಗೌರವ್ವ ಕೆಮ್ಮಿದರೆ ಮಾಯಕ್ಕ ಕಿಟಕಿಯಿಂದ ಒಮ್ಮೆ ನೋಡುತ್ತಿದ್ದಳು. ಗೌರವ್ವ ಉಳಿದ ಕೆಮ್ಮನ್ನು ನುಂಗಿಕೊಳ್ಳುತ್ತಿದ್ದಳು.

ಇಷ್ಟು ಮೌನವೆಲ್ಲ ಮಗಳು ತ್ರಿವೇಣಿಯ ಇಂಗ್ಲಿಷಿಗಾಗಿ.

ತ್ರಿವೇಣಿ ಹತ್ತನೇ ಇಯತ್ತೆಯಲ್ಲಿದ್ದಳು, ಕನ್ನಡ ಮಾಧ್ಯಮ. ಬೆಳಗಾವಿಯ ಮಹಾಂತೇಶ ನಗರದಲ್ಲಿ ಒಂದು ಟ್ರಸ್ಟು ಹಳ್ಳಿಯ ಹೆಣ್ಣುಮಕ್ಕಳಿಗೆಂದು ಹಾಸ್ಟೆಲ್ ನಡೆಸುತ್ತಿತ್ತು. ಅಲ್ಲಿ ಪುಕ್ಕಟೆ ಇದ್ದು, ಉಂಡು, ಪಿಯುಸಿ ಸೈನ್ಸ್ ಓದಬಹುದಿತ್ತು. ಆದರೆ ಪರೀಕ್ಷೆ ಬರೆದು ಒಳಗೆ ಬರಬೇಕು. ಗಣಿತ, ವಿಜ್ಞಾನ ತ್ರಿವೇಣಿಗೆ ಭಾರವಲ್ಲ. ಭಾರವಾದದ್ದು ಇಂಗ್ಲಿಷ್. ಅದರಲ್ಲಿ ಎರಡು ಭಾಗ. ಮೊದಲು ಒಬ್ಬರು ಒಂದು ಪ್ರಸಂಗವನ್ನು ಎರಡು ಸಲ ಗಟ್ಟಿಯಾಗಿ ಓದುತ್ತಾರೆ. ಕೇಳಿ ಉತ್ತರ ಬರೆಯಬೇಕು. ಆಮೇಲೆ ಹಿಂದೆಂದೂ ನೋಡದ ಒಂದು ಪುಟ ಕೊಡುತ್ತಾರೆ. ಓದಿ ಉತ್ತರ ಬರೆಯಬೇಕು.

ಸೀಟು ಸಿಗದಿದ್ದರೆ ಏನೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮಳೆಗಾಲದಲ್ಲಿ ಹಳ್ಳ ತುಂಬಿ ಸೇತುವೆ ಮುಳುಗಿದರೆ ಬಸ್ಸು ಆಚೆ ದಂಡೆಯಲ್ಲೇ ತಿರುಗಿ ಹೋಗುತ್ತದೆ. ಬೆಳಗಾವಿಯ ಹಿಂದವಾಡಿಯ ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್ ಆಗಿರುವ ಕರೆಪ್ಪನೇ ಆ ದಿನಗಳಲ್ಲಿ ಅಲ್ಲೇ ಮಲಗುತ್ತಾನೆ. ಮಗಳು ದಿನಾ ಹೇಗೆ ಕಾಲೇಜಿಗೆ ಹೋಗಿ ಬರಬೇಕು? "ಸೀಟ ಸಿಕ್ರ ಸೈನ್ಸ್. ಇಲ್ಲಂದ್ರ ಹೊಲಿಗಿ ಕ್ಲಾಸ್" ಎಂದು ಅವನು ಹೇಳಿಬಿಟ್ಟಿದ್ದ. ಸಿಟ್ಟಿನಿಂದಲ್ಲ, ನಾಳೆ ಮಳೆ ಬರುತ್ತದೆ ಎನ್ನುವ ಧಾಟಿಯಲ್ಲಿ. ಸಿಟ್ಟಿನಿಂದ ಹೇಳಿದ್ದರೆ ತಾಯಿ-ಮಗಳು ಜಗಳವನ್ನಾದರೂ ಆಡಬಹುದಿತ್ತು.

ತ್ರಿವೇಣಿ ಗೈಡ್ ತಂದು ಅದರಲ್ಲಿದ್ದ ಇಂಗ್ಲಿಷ್ ಪ್ರಸಂಗಗಳನ್ನೆಲ್ಲ ಬಾಯಿಪಾಠ ಮಾಡಿದಳು. ಆ ನಿಶ್ಶಬ್ದ ಮನೆಯಲ್ಲಿ ಅವಳ ಬಾಯಿಂದ ಇಂಗ್ಲಿಷ್ ನಲ್ಲಿಯ ನೀರಿನಂತೆ ಸುರಿಯುತ್ತಿತ್ತು. ಮಾಯಕ್ಕನಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ತಿಳಿಯದ್ದರಿಂದಲೇ ಅವಳಿಗೆ ನಂಬಿಕೆ ಗಟ್ಟಿಯಾಗಿತ್ತು.

ಪರೀಕ್ಷೆಗೆ ಮೂರು ವಾರ ಇರುವಾಗ ಶಾಲೆಯ ಸರ್ ಒಂದು ಸಣ್ಣ ಪರೀಕ್ಷೆ ಇಟ್ಟರು. ಗೈಡಿನಲ್ಲಿಲ್ಲದ ಪ್ರಸಂಗವೊಂದನ್ನು ತಾವೇ ಎರಡು ಸಲ ಗಟ್ಟಿಯಾಗಿ ಓದಿ, ಉತ್ತರ ಬರೆಯಿರಿ ಎಂದರು. ತ್ರಿವೇಣಿಯ ಹಾಳೆ ಹೆಚ್ಚುಕಡಿಮೆ ಖಾಲಿ ಉಳಿಯಿತು. ಮನೆಗೆ ಬಂದವಳು ಉಣ್ಣಲಿಲ್ಲ.

ಮಾಯಕ್ಕ ಯೋಚಿಸಿದಳು. ಮನೆಯಲ್ಲಿ ಎಲ್ಲ ಬರುತ್ತದೆ. ಅಲ್ಲಿ ಸರ್ ಬಾಯಿಂದ ಬಂದದ್ದು ಇವಳ ಹಾಳೆಗೆ ಇಳಿಯುವುದಿಲ್ಲ. ನಡುವೆ ಇರುವುದು ಕಿವಿ ಒಂದೇ. ಗೌರವ್ವನೂ ತನ್ನ ಮೈದುನನ ಕಿವಿಯಿಂದ ದವಾಖಾನೆಯಲ್ಲಿ ಎಷ್ಟು ಗುಗ್ಗೆ ತೆಗೆದರೆಂದು ವಿವರಿಸಿ ಈ ತರ್ಕಕ್ಕೆ ಬಲ ಕೊಟ್ಟಳು. ಮರುದಿನವೇ ಮಾಯಕ್ಕ ಮಗಳನ್ನು ಕರೆದುಕೊಂಡು ಬೆಳಗಾವಿಯ ಬಸ್ಸು ಹತ್ತಿದಳು.

ನೆಹರು ನಗರದ ದೊಡ್ಡ ದವಾಖಾನೆಯಲ್ಲಿ ಮಾಯಕ್ಕನ ತಂಗಿ ನೇತ್ರಾ ನರ್ಸ್. ಅವಳೇ ಚೀಟಿ ಮಾಡಿಸಿ ಕಿವಿ ಡಾಕ್ಟರ ಹತ್ತಿರ ಕಳಿಸಿದಳು. ಡಾಕ್ಟರು ನೋಡಿ, ಯಂತ್ರ ಹಚ್ಚಿ ನೋಡಿ, ಹುಡುಗಿಯ ಕಿವಿಗಳು ಬಹಳ ಚೆನ್ನಾಗಿವೆ ಎಂದರು. ಮಾಯಕ್ಕ ಕುಗ್ಗಿ ಹೋದಳು. ರೋಗವಿದ್ದರೆ ಔಷಧವಾದರೂ ಇರುತ್ತಿತ್ತು.

ಕ್ಯಾಂಟೀನಿನಲ್ಲಿ ಚಹಾ ಮುಂದಿಟ್ಟು ನೇತ್ರಾ ತ್ರಿವೇಣಿಯನ್ನು ಮಾತಿಗೆಳೆದಳು. ಹುಡುಗಿ ಚಹಾದ ಕಪ್ಪನ್ನೇ ನೋಡುತ್ತ ಹೇಳಿದಳು. ಸರ್ ಓದಿದ ಎರಡನೇ ಸಾಲಿನಲ್ಲೇ ಗೊತ್ತಿಲ್ಲದ ಶಬ್ದವೊಂದು ಬಂತು. ಅದರ ಅರ್ಥವೇನಿರಬಹುದು ಎಂದು ಹುಡುಕುತ್ತ ಕೂತಳು. ತಲೆ ಎತ್ತುವುದರೊಳಗೆ ಪ್ರಸಂಗ ಮುಗಿದಿತ್ತು. ಎರಡನೇ ಸಲ ಓದಿದಾಗಲೂ ಅದೇ ಶಬ್ದಕ್ಕಾಗಿ ಕಾದಳು. ಅದು ಬಂತು, ಮತ್ತೆ ಅವಳನ್ನು ಕರೆದುಕೊಂಡೇ ಹೋಯಿತು.

"ನೀ ಗೈಡ್ ಓದೂದು ಬಿಟ್ಟ ಎಂದರ ಇಂಗ್ಲಿಷ್ ಕೇಳೀಯೇನ?" ಎಂದಳು ನೇತ್ರಾ.

"ಇಲ್ಲ ಚಿಗವ್ವ. ಮನ್ಯಾಗ ಏನೂ ಹಚ್ಚೂದಿಲ್ಲ."

ಮಾಯಕ್ಕ ಹೆಮ್ಮೆಯಿಂದ ಮಿಕ್ಸರಿನ ಸಂಗತಿಯನ್ನೂ ಎಮ್ಮೆ ಗಂಟೆಯ ಸಂಗತಿಯನ್ನೂ ಅರುಹಿದಳು. ನೇತ್ರಾ ನಗಲಿಲ್ಲ. ಆದರೆ ಚಹಾ ಗಂಟಲಿಗೆ ಸಿಕ್ಕಿತು.

"ಅಕ್ಕಾ, ನಿನಗ ಮರಾಠಿ ಯಾರ ಕಲಿಸಿದ್ರು?"

ಮಾಯಕ್ಕ ಖಾನಾಪುರದ ಪೇಟೆಯಲ್ಲಿ ಮೊಸರು, ಬೆಣ್ಣೆ ಮಾರುವವಳು. ಅರ್ಧಕ್ಕರ್ಧ ಗಿರಾಕಿಗಳು ಮರಾಠಿಯವರು. "ಯಾರ ಕಲಸ್ತಾರ? ಪ್ಯಾಟ್ಯಾಗ ಕುಂತ ಕುಂತ ಬಂತು" ಎಂದಳು.

"ಮೊದಲನೇ ದಿನ ಎಲ್ಲಾ ಶಬ್ದ ತಿಳೀತಿದ್ದೂ?"

"ಎಲ್ಲೀ ತಿಳಿಯೂದು! ಏನ ಬೇಡತಾನ, ಎಷ್ಟ ಬೇಡತಾನ, ಇವತ್ತೋ ನಾಳಿಗೋ, ಇಷ್ಟ ಹಿಡದ್ರ ಆತು."

"ಮತ್ತ ತಿಳೀಲಾರದ ಶಬ್ದ?"

"ಬಿಡತಿದ್ದೆ. ಒಂದ ಶಬ್ದಾ ಹಿಡಕೊಂಡ ಕುಂತ್ರ ಗಿರಾಕಿ ಬಾಜೂದಾಕಿ ಕಡೆ ಹೋಗ್ತಾನ." ಹೇಳಿ ಮುಗಿಸಿದ ಮಾಯಕ್ಕ ಮಗಳ ಕಡೆ ನೋಡಿದಳು. ತ್ರಿವೇಣಿಯೂ ಕಪ್ಪು ಬಿಟ್ಟು ತಾಯಿಯ ಕಡೆ ನೋಡುತ್ತಿದ್ದಳು.

ನೇತ್ರಾ ಉಪಾಯ ಹೇಳಿದಳು. ತಾನು ದಿನಾ ಮುಂಜಾನೆ ಮೊಬೈಲಿಗೆ ಇಂಗ್ಲಿಷಿನಲ್ಲಿ ಮಾತಾಡಿ ಒಂದು ಸಣ್ಣ ಸಂದೇಶ ಕಳಿಸುವಳು: ವಾರ್ಡಿನಲ್ಲಿ ಏನಾಯಿತು, ಬಸ್ಸಿನಲ್ಲಿ ಏನಾಯಿತು, ಇಂಥದ್ದೇ. ಮೊದಲ ಸಲ ಬರೀ ಕೇಳಬೇಕು. ಯಾರು, ಎಲ್ಲಿ, ಏನಾಯಿತು ಇಷ್ಟನ್ನೇ ಹಿಡಿಯಬೇಕು. ಎರಡನೇ ಸಲ ಹೆಸರು, ಹೊತ್ತು, ಸಂಖ್ಯೆ ಗುರುತು ಹಾಕಿಕೊಳ್ಳಬೇಕು. ಗೊತ್ತಿಲ್ಲದ ಶಬ್ದವನ್ನು ಆಮೇಲೆ ಕೇಳಬಹುದು. ಓದುವುದಕ್ಕೂ ಹಾಗೆಯೇ. ಮೊದಲು ಪ್ರಶ್ನೆ ಓದಬೇಕು, ಆಮೇಲೆ ಪ್ರಸಂಗ. ಶಬ್ದ ತಿಳಿಯದಿದ್ದರೆ ಅದರ ಹಿಂದುಮುಂದಿನ ಮಾತು ನೋಡಿ ಅಂದಾಜು ಕಟ್ಟಬೇಕು. ಗೈಡನ್ನು ಮುಚ್ಚಿಟ್ಟು ದಿನಕ್ಕೊಂದು ಹೊಸ ಪುಟ ಓದಬೇಕು.

"ಮತ್ತ ಅಕ್ಕಾ, ಮನಿ ಮನಿಹಂಗ ಇರ್ಲಿ. ಪರೀಕ್ಷಾದಾಗ ಫ್ಯಾನ್ ಸಪ್ಪಳಾ ಇರತೈತಿ, ಯಾರರ ಕೆಮ್ಮತಾರ. ಸಪ್ಪಳದಾಗ ಕೇಳೂ ರೂಢಿ ಆಗಬೇಕು."

ಮಾಯಕ್ಕನಿಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಮೊಬೈಲು ಹುಡುಗಿಯರ ಕೈಗೆ ಹೋದರೆ ಏನಾಗುತ್ತದೆಂದು ಅವಳು ಊರ ತುಂಬ ಕೇಳಿದ್ದಳು. ಆದರೂ ಊರಿಗೆ ಬಂದು ಅಕ್ಕಿ ಡಬ್ಬಿಯ ಮುಚ್ಚಳ ತೆಗೆದಳು. ಕರೆಪ್ಪನಿಗೆ ಮಾತ್ರ ಹೇಳಲಿಲ್ಲ.

ಊರಿನಲ್ಲಿ ನೆಟ್‌ವರ್ಕ್ ಸಿಗುವುದು ಹಳ್ಳದ ಸೇತುವೆಯ ಮೇಲೆ ಮಾತ್ರ. ಮುಂಜಾನೆ ತಾಯಿ ಅಲ್ಲೇ ಮೊಸರಿನ ಗಡಿಗೆ ಇಳಿಸಿಕೊಂಡು ಬಸ್ಸಿಗೆ ಕಾಯುವಾಗ ಮಗಳು ಪಕ್ಕದಲ್ಲಿ ನಿಂತು ನೇತ್ರಾಳ ದನಿ ಕೇಳುತ್ತಿದ್ದಳು. ಮೊದಲ ದಿನಗಳು ಕೆಟ್ಟದಾಗಿದ್ದವು. ಮೂರು ಮಾತು ಹಿಡಿದರೆ ಮೂವತ್ತು ತಪ್ಪಿಹೋಗುತ್ತಿದ್ದವು. ಬಸ್ಸಿಗೆ ಕಾಯುವವರು ಕಟಕಿಯಾಡಿದರು. ಗೌರವ್ವ, "ಫೋನ್ ಕೇಳಿ ಪಾಸಾಗೂದಿದ್ರ ನನ್ನ ಮೊಮ್ಮಗ ಇಷ್ಟೊತ್ತಿಗೆ ಕಲೆಕ್ಟರ್ ಆಗತಿದ್ದ ನೋಡವಾ" ಎಂದಳು. ಮಾಯಕ್ಕನಿಗೆ ಒಳಗೇ ಅಳುಕು. ಗೈಡಿನ ಬಾಯಿಪಾಠವೂ ಹೋಯಿತು, ಇದೂ ಬರಲಿಲ್ಲ ಎಂದಾದರೆ ಮಗಳ ಮುಂದೆ ಹೊಲಿಗೆ ಮಷಿನ್ ಇಟ್ಟವಳು ತಾನೇ ಆಗುತ್ತಿದ್ದಳು.

ಪರೀಕ್ಷೆ ಹತ್ತಿರ ಬಂದಾಗ, ಒಂದು ಬುಧವಾರ ಸಂಜೆ, ಕರೆಪ್ಪ ರಜೆ ಪಡೆದು ಹೇಳದೆ ಕೇಳದೆ ಬಂದ. ಮನೆಯಲ್ಲಿ ಮಿಕ್ಸರ್ ತಿರುಗುತ್ತಿತ್ತು. ಅದರ ಪಕ್ಕದಲ್ಲಿ ಮಗಳು ಮುಂಜಾನೆ ಬಂದ ಸಂದೇಶವನ್ನು ಮತ್ತೆ ಹಚ್ಚಿ, ಮೊಬೈಲು ಕಿವಿಗೆ ಹಿಡಿದು ಕೂತಿದ್ದಳು. ಅವನು ಚಪ್ಪಲಿ ಕಳೆಯದೆ ಬಾಗಿಲಲ್ಲೇ ನಿಂತ.

"ಇದನ್ನ ಅಭ್ಯಾಸ ಅಂತಾರೇನ?"

ತ್ರಿವೇಣಿ ಮೊಬೈಲು ಕೆಳಗಿಟ್ಟಳು. ಮಾಯಕ್ಕ ಮಿಕ್ಸರ್ ನಿಲ್ಲಿಸಿ ದವಾಖಾನೆಯಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಹೇಳುತ್ತ ಹೋದಂತೆ ಅವಳಿಗೇ ಅದು ನೆಪದಂತೆ ಕೇಳಿಸಿತು. ಕರೆಪ್ಪ ಕೂಗಾಡುವ ಮನುಷ್ಯನಲ್ಲ. ಕಿಸೆಯಿಂದ ತನ್ನ ಮೊಬೈಲು ತೆಗೆದ. ಅವನ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಸಾಹೇಬರು ವಾಚ್‌ಮನ್‌ಗಳಿಗೆ ಸೂಚನೆಗಳನ್ನು ಇಂಗ್ಲಿಷಿನಲ್ಲಿ ಮಾತಾಡಿ ಕಳಿಸುತ್ತಿದ್ದರು, ಅದೂ ನಾಯಿಯನ್ನು ತಿರುಗಾಡಿಸುತ್ತ. ಕರೆಪ್ಪ ಪ್ರತಿಸಲ ಜೊತೆಯ ವಾಚ್‌ಮನ್ ಪ್ರಸಾದನನ್ನು ಕೇಳಿ ತಿಳಿದುಕೊಳ್ಳುತ್ತಿದ್ದ.

"ಇದು ಮಧ್ಯಾಹ್ನ ಬಂದದ್ದು. ಪ್ರಸಾದಗ ಇನ್ನೂ ಕೇಳಿಲ್ಲ. ಏನೈತಿ ಹೇಳ."

ಮೊಬೈಲಿನಲ್ಲಿ ನಾಯಿ ಬೊಗಳಿತು, ಮೋಟರ್‌ಸೈಕಲ್ ಹಾಯಿತು, ನಡುವೆ ಸಾಹೇಬರ ದನಿ ಓಡಿಹೋಯಿತು. ಮಾಯಕ್ಕ ಸೆರಗನ್ನು ಬೆರಳಿಗೆ ಸುತ್ತಿಕೊಂಡಳು.

"ನೀರಿಂದು ಏನೋ ಐತಿ. ನಾಳಿ ಮುಂಜಾನಿ" ಎಂದಳು ಹುಡುಗಿ. "ಒಂದ ಶಬ್ದ ತಿಳೀಲಿಲ್ಲ. ಇರ್ಲಿ ಬಿಡು. ಇನ್ನೊಮ್ಮೆ ಹಚ್ಚಪಾ."

ಎರಡನೇ ಸಲ ಅವಳು ಕಣ್ಣು ಮುಚ್ಚಿ ಕೇಳಿದಳು. ಮುಗಿದ ಮೇಲೆ ಬೆರಳಲ್ಲಿ ಏನನ್ನೋ ಎಣಿಸಿದಳು. ಕರೆಪ್ಪ ಮೊಬೈಲು ಕಿಸೆಗೆ ಹಾಕಲು ಕೈಯೆತ್ತಿದ.

"ನಾಳಿ ಗುರುವಾರ ಟ್ಯಾಂಕ್ ತೊಳಿಯಾಕ ಮಂದಿ ಬರ್ತಾರ. ಆರರಿಂದ ಹತ್ತರ ತನಕ ಮೋಟರ್ ಚಾಲೂ ಮಾಡಬ್ಯಾಡ ಅಂತಾರ. ಕೆಳಗಿನ ಮನಿಯವರಿಗೆ ಇವತ್ತ ಹೇಳಬೇಕಂತ."

ಕರೆಪ್ಪ ಬಾಗಿಲಿಂದಲೇ ತಿರುಗಿ ಸೇತುವೆಯ ಕಡೆ ನಡೆದ. ಪ್ರಸಾದನಿಗೆ ಫೋನ್ ಹಚ್ಚಲು ಹೋದನೆಂದು ಇಬ್ಬರಿಗೂ ತಿಳಿಯಿತು. ಒಲೆಯ ಮೇಲೆ ಹಾಲು ಉಕ್ಕಿತು. ಮಾಯಕ್ಕ ಇಳಿಸಲು ಮರೆತಳು. ತ್ರಿವೇಣಿ, ಆರೋ ಒಂಬತ್ತೋ ಎಂದು ಒಮ್ಮೆ ಪಿಸುಗುಟ್ಟಿ ಬಾಯಿ ಮುಚ್ಚಿಕೊಂಡಳು.

ಬಹಳ ಹೊತ್ತಿನ ಮೇಲೆ ಕರೆಪ್ಪ ಬಂದ. ಈಗ ಚಪ್ಪಲಿ ಕಳೆದು ಒಳಗೆ ಕೂತ. "ಆರೇ ಖರೇ. ಕೆಳಗಿನ ಮನಿಯವರಿಗೆ ಪ್ರಸಾದ ಹೇಳತಾನಂತ" ಎಂದ. ಆಮೇಲೆ ಹೆಂಡತಿಯ ಕಡೆ ತಿರುಗಿ, "ಆಕೀ ಕಡೇನ ಇರ್ಲಿ ಮೊಬೈಲ್. ಪರೀಕ್ಷಾ ಮುಗಿಯೂ ತನಕ" ಎಂದ. ಕೊನೆಯ ಮಾತನ್ನು ಒತ್ತಿಯೇ ಹೇಳಿದ.

ಪರೀಕ್ಷೆಯ ದಿನ ಮಹಾಂತೇಶ ನಗರದ ಆ ಕಟ್ಟಡದ ಕಿಟಕಿಗಳು ತೆರೆದೇ ಇದ್ದವು. ಮಾಯಕ್ಕ ಆಚೆ ಬದಿಯ ಕಟ್ಟೆಯ ಮೇಲೆ ಕೂತಿದ್ದಳು. ಅಲ್ಲಿಂದ ಮಗಳ ಜಡೆ ಕಾಣುತ್ತಿತ್ತು. ಒಳಗಿನಿಂದ ಹೆಂಗಸೊಬ್ಬರು ಇಂಗ್ಲಿಷ್ ಓದುವ ದನಿ ಕೇಳಿತು, ನಿಂತಿತು, ಮತ್ತೆ ಶುರುವಾಯಿತು. ಎರಡನೇ ಸಲ, ಕೊನೆಯ ಸಲ ಓದುತ್ತಿದ್ದಾರೆಂದು ಅವಳು ಲೆಕ್ಕ ಹಾಕಿದಳು. ಅಷ್ಟರಲ್ಲಿ ಕಸದ ಗಾಡಿ ಓಣಿಯೊಳಗೆ ಬಂತು, ಗಂಟಲು ಹರಿಯುವಂತೆ ಹಾಡು ಹಾಕಿಕೊಂಡು.

ಮಾಯಕ್ಕ ಎದ್ದೇಬಿಟ್ಟಳು. ಡ್ರೈವರನಿಗೆ ಏನು ಹೇಳಬೇಕೆಂಬುದು ಎರಡು ಭಾಷೆಯಲ್ಲೂ ಅವಳ ನಾಲಗೆಯ ತುದಿಗೆ ಬಂದಿತ್ತು. ಎರಡು ಹೆಜ್ಜೆ ಇಟ್ಟು ಕಿಟಕಿಯ ಕಡೆ ನೋಡಿದಳು. ಒಳಗೆ ಕೆಲವು ಹುಡುಗಿಯರು ಬೀದಿಯ ಕಡೆ ಕತ್ತು ತಿರುಗಿಸಿದ್ದರು. ತ್ರಿವೇಣಿಯ ಜಡೆ ಅಲ್ಲಾಡಲಿಲ್ಲ. ಬಲಗೈ ಬರೆಯುತ್ತಿತ್ತು, ನಿಂತಿತು, ಕೇಳಿತು, ಮತ್ತೆ ಬರೆಯಿತು.

ಮಾಯಕ್ಕ ಮರಳಿ ಕಟ್ಟೆಯ ಮೇಲೆ ಕೂತಳು. ಗಾಡಿ ತನ್ನ ಹಾಡು ಮುಗಿಸಿಕೊಂಡು ಹೋಯಿತು.

ಹೊರಗೆ ಬಂದ ತ್ರಿವೇಣಿ, ಕೇಳುವ ಭಾಗದಲ್ಲಿ ಎರಡು ಶಬ್ದ ಬಿಟ್ಟುಕೊಟ್ಟೆ, ಉಳಿದದ್ದು ಹಿಡಿದೆ ಎಂದಳು. ಓದುವ ಭಾಗದಲ್ಲಿ ಪ್ರಶ್ನೆ ಮೊದಲು ಓದಿದ್ದಕ್ಕೆ ಹೊತ್ತು ಉಳಿಯಿತು, ಆದರೂ ಒಂದು ಉತ್ತರ ತಪ್ಪಿರಬೇಕು ಎಂದು ಬಸ್ಸಿನ ದಾರಿಯುದ್ದಕ್ಕೂ ಅದನ್ನೇ ಹೇಳಿದಳು.

ತಾಯಂದಿರೇ, ತಂದೆಯರೇ, ನಿಮ್ಮ ಮನೆಯಲ್ಲೂ ಹತ್ತನೇ ತರಗತಿಯ ಮಗುವಿದ್ದರೆ ಈ ಕೆಲಸ ಇವತ್ತೇ ಶುರುಮಾಡಿ. ದಿನಕ್ಕೆ ಹತ್ತು ನಿಮಿಷ ಇಂಗ್ಲಿಷ್ ಮಾತು ಮಗುವಿನ ಕಿವಿಗೆ ಬೀಳಲಿ. ರೇಡಿಯೊ ಆಗಲಿ, ಶಾಲೆಯ ಸರ್ ಕೊಡುವ ಧ್ವನಿಪಾಠವಾಗಲಿ, ಬಂಧುಗಳ ಸಂದೇಶವಾಗಲಿ. ಕೇಳಿದ್ದನ್ನು ನಿಮಗೆ ಕನ್ನಡದಲ್ಲಿ ಹೇಳಲು ಬಿಡಿ. ನಿಮಗೆ ಇಂಗ್ಲಿಷ್ ಬರಬೇಕಾಗಿಲ್ಲ. ಯಾರು, ಎಲ್ಲಿ, ಏನಾಯಿತು ಎಂದು ಕೇಳಲು ಬಂದರೆ ಸಾಕು. ದಿನಕ್ಕೊಂದು ಹೊಸ ಪುಟ ಓದಿಸಿ, ಬಾಯಿಪಾಠ ಮಾಡಿಸಬೇಡಿ. ತಿಳಿಯದ ಶಬ್ದ ಬಂದರೆ ಬಿಟ್ಟು ಮುಂದೆ ಹೋಗಲು ಕಲಿಸಿ. ಪರೀಕ್ಷೆಯ ಹಿಂದಿನ ವಾರದ ತನಕ ಕಾಯಬೇಡಿ. ತ್ರಿವೇಣಿಗೆ ಮೂರು ವಾರ ಬಹಳ ಕಡಿಮೆಯಾಗಿತ್ತು.

ತ್ರಿವೇಣಿಯ ಹೆಸರು ಆಯ್ಕೆಯಾದವರ ಮೊದಲ ಪಟ್ಟಿಯಲ್ಲಿ ಬರಲಿಲ್ಲ, ಎರಡನೆಯದರಲ್ಲಿ ಬಂತು. ಜೂನ್ ತಿಂಗಳಲ್ಲಿ ಅವಳು ಹಾಸ್ಟೆಲ್ ಸೇರಿದಳು.