ನಾಲ್ಕನೇ ಹೆಗಲು

"ಅಶೋಕ ಒಬ್ಬ, ಮಿಥುನ್ ಇನ್ನೊಬ್ಬ, ನಾನು. ಮೂರಾಯ್ತು. ಇನ್ನೊಂದು ಹೆಗಲು ಬೇಕಲ್ಲಯ್ಯ," ಎಂದು ಜಯಪ್ರಕಾಶ ಕ್ರೆಮಟೋರಿಯಮ್ಮಿನ ಕಾರ್ ಪಾರ್ಕಿನಲ್ಲಿ ಗಾಳಿಗೆ ಬೆನ್ನು ಕೊಟ್ಟು ಫೋನಿನಲ್ಲಿ ಕೂಗುತ್ತಿದ್ದರು. ಆ ಕಡೆಯವನು ಏನೋ ಸಮಜಾಯಿಷಿ ಹೇಳಿದ. "ಡ್ಯೂಟಿ ರೋಟಾ ಗೊತ್ತಪ್ಪ, ನಂಗೂ ರೋಟಾ ಇದೆ. ಸ್ವಾಪ್ ಮಾಡ್ಕೊಂಡು ಬಂದಿಲ್ವಾ ನಾನು? ಆಯ್ತು, ಇಡು."

ಯುಗಾದಿಗೆ ಇನ್ನೂರು ಜನರನ್ನು ಹೋಳಿಗೆ ಊಟಕ್ಕೆ ಸೇರಿಸುವ ಕನ್ನಡ ಸಂಘದ ಕಾರ್ಯದರ್ಶಿ ಅವರು. ಮಂಗಳವಾರದ ಬೆಳಗಿನಲ್ಲಿ ಒಂದು ಹೆಣಕ್ಕೆ ನಾಲ್ಕು ಹೆಗಲು ಹೊಂದಿಸುವುದು ಅವರಿಂದ ಆಗುತ್ತಿರಲಿಲ್ಲ. ಹೋಳಿಗೆಗೆ ರೋಟಾ ಅಡ್ಡ ಬರುವುದಿಲ್ಲ ನೋಡಿ.

ಹೋದವರು ಡಾಕ್ಟರ್ ಇಂದುಶೇಖರ. ವುಲ್ವರ್‌ಹ್ಯಾಂಪ್ಟನ್ನಿನ ಅರ್ಧ ಊರಿಗೆ ಕೆಮ್ಮಿನ ಔಷಧಿ ಬರೆದುಕೊಟ್ಟ ಜಿಪಿ. ಬೀದಿಗಿಟ್ಟ ಕಸದ ಬಿನ್ ಒಳಗೆ ಹೋಗಿಲ್ಲವಲ್ಲ ಎಂದು ಪಕ್ಕದ ಮನೆಯ ಪಂಜಾಬಿ ಹೆಂಗಸಿಗೆ ಅನುಮಾನ ಬಂದು ಪೊಲೀಸರನ್ನು ಕರೆಸಿದಾಗ, ಅವರು ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದರು. ಹೆಂಡತಿ ಗೌರಿ ಹೋಗಿ ಬಹಳ ಕಾಲವಾಗಿತ್ತು. ಮಕ್ಕಳಿರಲಿಲ್ಲ. ಚಿತ್ರದುರ್ಗದ ತಮ್ಮನಿಗೆ ವೀಸಾ ಆಗಲಿಲ್ಲ. ಇಲ್ಲಿ ಸಾವಿಗೂ ಸ್ಲಾಟ್ ಇರುತ್ತದೆ. ಅದು ಸಿಕ್ಕಿದ್ದು ಎರಡು ವಾರದ ಮೇಲೆ, ಅದೂ ಅರ್ಧ ಗಂಟೆಯದು.

ಅಂತ್ಯಕ್ರಿಯೆಯ ಕಂಪನಿಯ ಮಿಸೆಸ್ ಡಾಸನ್ ಕೈಕಟ್ಟಿಕೊಂಡು ಹತ್ತಿರ ಬಂದಳು. ಶವದ ಕಾರು ಬಂದು ನಿಂತಿದೆ, ಹಿಂದಿನವರು ಆಗಲೇ ಹೊರಗೆ ಬರುತ್ತಿದ್ದಾರೆ, ಬೇಕಿದ್ದರೆ ಹೊರಲು ತನ್ನ ಗಂಡಸರು ಇದ್ದಾರೆ ಎಂದು ಮೆಲ್ಲಗೆ ಹೇಳಿದಳು. ಕಪ್ಪು ಕೋಟಿನ ನಾಲ್ವರು ಕಾರಿನ ಪಕ್ಕದಲ್ಲಿ ಸಾಲಾಗಿ ನಿಂತಿದ್ದರು.

"ಬಾಡಿಗೆ ಹೆಗಲ ಮೇಲೆ ಹೋಗೋಕೆ ಅವನೇನು ಅನಾಥನಾ?" ಎಂದು ಜಯಪ್ರಕಾಶ ಹೆಂಡತಿಯ ಕಡೆ ತಿರುಗಿ ಸಿಡುಕಿದರು.

ನೀರಜಾ ಶಾಲಿನೊಳಗೆ ಕೈ ಹುದುಗಿಸಿಕೊಂಡು, "ಅನಾಥ ಅಲ್ದೆ ಇನ್ನೇನ್ರೀ?" ಎಂದರು. "ಒಂಬತ್ತು ವರ್ಷದಲ್ಲಿ ನಾವಾದ್ರೂ ಎಷ್ಟು ಸಲ ಊಟಕ್ಕೆ ಕರೆದ್ವಿ ಹೇಳಿ. ವಿಜಯಾಗೆ ಬೇಜಾರಾಗುತ್ತೆ ಅಂತ ಎಲ್ಲರೂ ಸುಮ್ಮನಾದ್ವಿ. ಒಂದಿನ ಅಂಗಡೀಲಿ ಸಿಕ್ಕಿದ್ರು. ಒಂದೇ ಒಂದು ಬದನೇಕಾಯಿ ತೂಕಕ್ಕಿಟ್ಕೊಂಡು ನಿಂತಿದ್ರು."

ಸೆಲ್ಲಿ ಓಕ್‌ನಲ್ಲಿ ಎಂ.ಎಸ್ಸಿ. ಓದುವ ಮಿಥುನ್ ಮತ್ತು ಆಸ್ಪತ್ರೆಗೆ ಹೊಸದಾಗಿ ಬಂದ ಅಶೋಕ, ಹಿರಿಯರ ಮಾತು ಕೇಳಿಸದವರಂತೆ ತುಳಸಿ ಮಾಲೆಯನ್ನು ಬಿಡಿಸುತ್ತಿದ್ದರು. ಅಷ್ಟರಲ್ಲಿ ಗೇಟಿನಲ್ಲಿ ಬೆಳ್ಳಿ ಬಣ್ಣದ ಕಾರೊಂದು ತಿರುಗಿತು. ಅದರಿಂದ ಮೊದಲು ಊರುಗೋಲು ಇಳಿಯಿತು, ಆಮೇಲೆ ಡಾಕ್ಟರ್ ಪ್ರಭಾಕರ, ಆಮೇಲೆ ಅವರ ಹೆಂಡತಿ ವಿಜಯಾ. ಇವರಿಬ್ಬರು ಬರುತ್ತಾರೆಂದು ಅಲ್ಲಿ ಯಾರೂ ಎಣಿಸಿರಲಿಲ್ಲ.

*

ಗೌರಿ ತೀರಿಕೊಂಡ ಮೇಲೆ ಇಂದುಶೇಖರ ಪ್ರತಿ ಶುಕ್ರವಾರ ಪ್ರಭಾಕರರ ಮನೆಯಲ್ಲಿ ಊಟ ಮಾಡುತ್ತಿದ್ದರು. ವಿಜಯಾ ಅವರನ್ನು ಇಂದಣ್ಣ ಎನ್ನುತ್ತಿದ್ದರು. ಬಡಿಸುವಾಗ ಅಣ್ಣನಿಗೆ ಬಡಿಸಿದ ಹಾಗೆ ಬೇಡವೆಂದರೂ ಬಡಿಸುತ್ತಿದ್ದರು. ವಾರದಲ್ಲಿ ಆರು ದಿನ ಟೋಸ್ಟ್ ತಿನ್ನುವ ಮನುಷ್ಯನಿಗೆ ಆ ಒಂದು ದಿನ ಹಬ್ಬ.

ತೊಂಬತ್ತೆಂಟರ ಅಂಥದ್ದೊಂದು ಶುಕ್ರವಾರ ಮನೆಯಲ್ಲಿ ನಿಜವಾದ ಹಬ್ಬವೇ ಇತ್ತು. ಮಗ ಅರ್ಜುನ್‌ನನ್ನು ನೋಡಲು ಅಮೆರಿಕದ ಓಹಾಯೋದಿಂದ ಕಾಲೇಜಿನ ಕೋಚ್ ಬಂದಿದ್ದ. ಹುಡುಗನಿಗೆ ಹದಿನೇಳು ವರ್ಷ. ಮಿಕ್ಕ ಹುಡುಗರು ಕ್ರಿಕೆಟ್ ಆಡುವಾಗ ಇವನು ಪಾರ್ಕಿನ ಕ್ಲಬ್ಬೊಂದರಲ್ಲಿ ಅಮೆರಿಕನ್ ಫುಟ್‌ಬಾಲ್ ಹಿಡಿದಿದ್ದ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟಕ್ಕೆ ಫುಟ್‌ಬಾಲ್ ಎಂದು ಹೆಸರಿಟ್ಟವರ ಬುದ್ಧಿಗೆ ಏನೆನ್ನಬೇಕೋ! ಅದರಲ್ಲಿ ಇವನ ಜಾಗ ಟೈಟ್ ಎಂಡ್. ಸಾಲಿನ ತುದಿಯಲ್ಲಿ ನಿಂತು ಎದುರಿನವನಿಗೆ ಎದೆಕೊಟ್ಟು ತಡೆಯಬೇಕು. ಸಮಯ ನೋಡಿ ಮುಂದೆ ಓಡಿ, ಎಲ್ಲರ ತಲೆಯ ಮೇಲಿಂದ ಚೆಂಡು ಹಿಡಿಯಬೇಕು. ಗೋಡೆಯಂಥವನೂ ಆಗಿರಬೇಕು, ಜಿಂಕೆಯಂಥವನೂ ಆಗಿರಬೇಕು. ಅಂಥವರು ಸಿಗುವುದು ಅಪರೂಪವೆಂದು ಕೋಚ್ ಮೂರನೆಯ ಸಲ ಬಿಸಿಬೇಳೆಬಾತ್ ಹಾಕಿಸಿಕೊಳ್ಳುತ್ತಾ ಹೇಳಿದ. ಪೂರ್ತಿ ಸ್ಕಾಲರ್‌ಶಿಪ್, ನಾಲ್ಕು ವರ್ಷ.

ಊಟವಾದ ಮೇಲೆ ಅವನು ಜೇಬಿನಿಂದ ಟೇಪು ತೆಗೆದು ಹುಡುಗನನ್ನು ಗೋಡೆಗೆ ನಿಲ್ಲಿಸಿದ.

"ಬೆಳೆಯೋ ಮಕ್ಕಳನ್ನ ಹೀಗೆ ಅಳೀಬಾರ್ದು," ಎಂದು ವಿಜಯಾ ನೀರಜಾರ ಕಿವಿಯಲ್ಲಿ ಹೇಳಿದರು. "ಎಲ್ಲರ ಕಣ್ಣೂ ಇವನ ಮೇಲೇ."

"ರಾತ್ರಿ ಉಪ್ಪು ಮೆಣಸಿನಕಾಯಿ ನಿವಾಳಿಸಿದರಾಯ್ತು ಬಿಡೆ," ಎಂದು ನೀರಜಾ ನಕ್ಕರು.

ಎತ್ತರ ಆರಡಿ ಆರಂಗುಲ. ಎರಡೂ ಕೈಗಳನ್ನು ಅಗಲಕ್ಕೆ ಚಾಚಿಸಿ ಅಳೆದಾಗ ಅದಕ್ಕಿಂತ ಐದಂಗುಲ ಹೆಚ್ಚು. ಕೋಚ್ ಶಿಳ್ಳೆ ಹೊಡೆದ. ಆಟ ಕಲಿಸಬಹುದು, ಈ ತೋಳನ್ನು ಯಾವ ಕೋಚೂ ಕಲಿಸಿಕೊಡಲಾರ ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಇಂದುಶೇಖರ ಮಾತ್ರ ತಟ್ಟಲಿಲ್ಲ. ಅವರು ಕುರ್ಚಿಯಿಂದೆದ್ದು ಬಂದು ಹುಡುಗನ ಕೈ ಹಿಡಿದುಕೊಂಡರು.

"ಅರ್ಜುನ್, ಈ ಕೈಯ ಹೆಬ್ಬೆರಳು, ಕಿರುಬೆರಳು ಎರಡನ್ನೂ ಆ ಕೈಯ ಮಣಿಕಟ್ಟಿಗೆ ಸುತ್ತಿಸು ನೋಡೋಣ."

ಬೆರಳುಗಳು ಮಣಿಕಟ್ಟನ್ನು ಸುತ್ತಿ ಒಂದರ ಮೇಲೊಂದು ಹತ್ತಿ ಕೂತವು. ಜಾದೂ ಎಂದುಕೊಂಡು ಎಲ್ಲರೂ ನಕ್ಕರು. ಹುಡುಗನೂ ನಕ್ಕ.

ಎತ್ತರವನ್ನೂ ಮೀರಿಸುವ ತೋಳು, ಅಷ್ಟುದ್ದದ ಬೆರಳು ಇರುವ ಮಕ್ಕಳಲ್ಲಿ ಕೆಲವರಿಗೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಗೋಡೆ ತೆಳುವಾಗಿರುತ್ತದೆ. ಎದೆಗೆ ಪೆಟ್ಟು ಬಿದ್ದರೆ ಒಡೆಯಬಹುದು. ಆ ಕೋಣೆಯಲ್ಲಿ ನಾಲ್ಕೈದು ಡಾಕ್ಟರುಗಳಿದ್ದರು. ಹುಡುಗನ ಅಪ್ಪ ಪ್ರಭಾಕರರೇ ಮೂಳೆ ಡಾಕ್ಟರು. ದಿನಾ ಜನರ ಕೈಕಾಲು ಅಳೆಯುವವರಿಗೆ ಮನೆಯೊಳಗೆ ಬೆಳೆದದ್ದು ಕಾಣಿಸಿರಲಿಲ್ಲ.

ಇಂಥ ಮಾತನ್ನು ನಮ್ಮವರು ಹೇಳುವ ರೀತಿಯೇ ಬೇರೆ. ಅಪ್ಪನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಹವಾಮಾನದಿಂದ ಶುರುಮಾಡಿ, ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ಹೇಳುತ್ತಾರೆ. ಇಂದುಶೇಖರ ನಿಂತಲ್ಲೇ, ಕೋಚ್‌ನ ಎದುರಿಗೇ, ಅವನಿಗೂ ಅರ್ಥವಾಗಲೆಂದು ಇಂಗ್ಲಿಷಿನಲ್ಲೇ ಹೇಳಿಬಿಟ್ಟರು: ಹೃದಯದ ಸ್ಕ್ಯಾನ್ ಆಗುವವರೆಗೆ ಈ ಹುಡುಗ ಆಡಬಾರದು. ಭಾರ ಎತ್ತಬಾರದು.

ಕೋಚ್ ಟೇಪನ್ನು ಸುತ್ತಿ ಜೇಬಿಗೆ ಹಾಕಿಕೊಂಡ. ಕಾಫಿ ಕುಡಿಯದೆ ಹೊರಟ.

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಇಲ್ಲಿ ಇದ್ದದ್ದೋ ಇಲ್ಲದ್ದೋ ಅದೂ ಗೊತ್ತಾಗಲಿಲ್ಲ. ಮ್ಯಾಂಚೆಸ್ಟರಿನ ಹೃದಯತಜ್ಞ ಸ್ಕ್ಯಾನ್ ಮಾಡಿ, ಅಂಚಿನಲ್ಲಿದೆ, ಹೌದೆನ್ನಲಾರೆ, ಅಲ್ಲವೆನ್ನಲಾರೆ, ವರ್ಷಕ್ಕೊಮ್ಮೆ ನೋಡೋಣ ಎಂದ. ಅಷ್ಟು ಹೊತ್ತಿಗೆ ಓಹಾಯೋದ ಆ ಜಾಗಕ್ಕೆ ಜರ್ಮನಿಯ ಹುಡುಗನೊಬ್ಬ ಬಂದಾಗಿತ್ತು.

"ಮಕ್ಕಳಿಲ್ಲದೋರ ಕಣ್ಣು," ಎಂದು ವಿಜಯಾ ಒಂದು ಸಲ, ಒಂದೇ ಸಲ, ಹೆಂಗಸರೆದುರು ಅಂದರು. ಅದು ಸುತ್ತಿ ಬಳಸಿ ಇಂದುಶೇಖರರ ಕಿವಿಗೂ ಬಿತ್ತು. ಮುಂದಿನ ಶುಕ್ರವಾರ ಅವರು ಹೋಗಲಿಲ್ಲ. ಯಾಕೆ ಬರಲಿಲ್ಲವೆಂದು ಆ ಮನೆಯಿಂದ ಯಾರೂ ಫೋನ್ ಮಾಡಲಿಲ್ಲ. ಹಾಗೇ ಒಂಬತ್ತು ವರ್ಷ ಕಳೆಯಿತು.

*

"ನಾನು ಹೊರೋ ಹಾಗಿಲ್ಲ ಜೆಪಿ," ಎಂದರು ಪ್ರಭಾಕರ, ಊರುಗೋಲನ್ನು ತೋರಿಸಿ. "ಬೆನ್ನು ಆಪರೇಷನ್ ಆಗಿ ತಿಂಗಳಾಗಿಲ್ಲ."

"ಬಂದ್ಯಲ್ಲ, ಸಾಕು," ಎಂದರು ಜಯಪ್ರಕಾಶ. ಅವರ ದನಿಯಲ್ಲಿ ಸಾಕೆನ್ನುವಂಥದ್ದೇನೂ ಇರಲಿಲ್ಲ.

ವಿಜಯಾ ಶವದ ಕಾರಿನ ಹತ್ತಿರ ಹೋಗಲಿಲ್ಲ. ನೀರಜಾ ಕೈ ಹಿಡಿದಾಗ ಬಿಡಿಸಿಕೊಳ್ಳಲೂ ಇಲ್ಲ. "ಕೊನೇಲಿ ಏನು ತಿಂತಿದ್ರೋ," ಎಂದಷ್ಟೇ ಹೇಳಿದರು.

ಮಿಸೆಸ್ ಡಾಸನ್ ಗಡಿಯಾರ ನೋಡಿದಳು. ಜಯಪ್ರಕಾಶ ಸೋತವರಂತೆ ತಲೆಯಾಡಿಸಿ, ಕಪ್ಪು ಕೋಟಿನವರಲ್ಲಿ ಒಬ್ಬನನ್ನು ಕರೆಯಿರಿ ಎನ್ನುವಷ್ಟರಲ್ಲಿ ಟ್ಯಾಕ್ಸಿಯೊಂದು ಬಂದು ನಿಂತಿತು. ಅದರಿಂದ ಇಳಿದವನು ಇಳಿಯುತ್ತಲೇ ಇದ್ದ, ಅಷ್ಟು ಉದ್ದ.

"ಅರ್ಜುನ್! ನೀನ್ಯಾಕೋ ಬಂದೆ? ಲೀಡ್ಸ್‌ನಿಂದ? ನಿಂಗೆ ಯಾರು ಹೇಳಿದ್ದು?" ಎಂದು ವಿಜಯಾ ಓಡಿಹೋದರು.

"ನಾನೇ ಹೇಳ್ದೆ," ಎಂದರು ಪ್ರಭಾಕರ, ನೆಲ ನೋಡುತ್ತಾ.

ಅರ್ಜುನ್ ಅಮ್ಮನ ತಲೆಯ ಮೇಲಿಂದ ಶವದ ಕಾರನ್ನು ನೋಡುತ್ತಿದ್ದ. ಕನ್ನಡ ಅರ್ಥವಾಗುತ್ತದೆ ಅವನಿಗೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. ಜಯಪ್ರಕಾಶ ಅಂಕಲ್‌ಗೆ ಒಬ್ಬರು ಕಡಿಮೆಯಂತಲ್ಲ, ನಾನು ಹೊರುತ್ತೇನೆ ಎಂದ.

"ಬೇಡ," ಎಂದು ವಿಜಯಾ ಅವನ ತೋಳು ಹಿಡಿದರು. "ನೀನು ಬೇಡ ಕಣೋ. ಆ ಜನ ಇದ್ದಾರಲ್ಲ, ಅವರು ಹೊರ್ತಾರೆ. ಡಾಕ್ಟ್ರು ನಿಂಗೆ ಭಾರ ಎತ್ತಬಾರ್ದು ಅಂದಿಲ್ವಾ?"

"ಯಾವ ಡಾಕ್ಟರ್, ಅಮ್ಮಾ?"

ಮ್ಯಾಂಚೆಸ್ಟರಿನವನು ಭಾರದ ಮಾತೇ ಎತ್ತಿರಲಿಲ್ಲ. ಅದನ್ನು ಅಂದವರು ಒಬ್ಬರೇ. ಅವರೀಗ ಹತ್ತು ಮಾರು ದೂರದಲ್ಲಿ ಪೆಟ್ಟಿಗೆಯೊಳಗೆ ಮಲಗಿದ್ದರು.

"ನಾನು ಮನೆಗೆ ಬಂದಾಗಲೆಲ್ಲ ಕಾರಿನಿಂದ ಅಕ್ಕಿ ಮೂಟೆ ನೀನೇ ಇಳಿಸುತ್ತೀಯ. ನಾನು ಮುಟ್ಟಿದರೆ ಬೈಯುತ್ತೀಯ," ಎಂದ ಅರ್ಜುನ್ ಇಂಗ್ಲಿಷಿನಲ್ಲಿ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ನೀನು ಅವರನ್ನು ನಂಬಿದ್ದೆ."

ವಿಜಯಾ ಸೆರಗು ಬಾಯಿಗೊತ್ತಿಕೊಂಡು ಅತ್ತರು. ಒಂಬತ್ತು ವರ್ಷ ಒಬ್ಬರಿಗೂ ಹೇಳದೆ ಇಟ್ಟುಕೊಂಡಿದ್ದ ಭಯ ಅದು. ಅದರ ಜೊತೆಗೆ ನಾಚಿಕೆಯೂ ಸೇರಿಕೊಂಡಿತ್ತು.

"ಇನ್ನೊಂದು ವಿಷಯ ನಿಮಗೆ ಯಾರಿಗೂ ಗೊತ್ತಿಲ್ಲ," ಎಂದ ಅರ್ಜುನ್. ಈ ಸಲ ಎಲ್ಲರಿಗೂ ಕೇಳಿಸುವಂತೆ. "ನಾನು ಯೂನಿವರ್ಸಿಟಿಗೆ ಹೋದೆನಲ್ಲ, ಅಲ್ಲಿಯ ಟೀಮಿನಲ್ಲಿ ಹಟ ಹಿಡಿದು ಆಡಿದೆ. ನೀವು ಒಂದು ಆಟಕ್ಕೂ ಬರಲಿಲ್ಲ, ನೋಡಲು ಧೈರ್ಯವಿಲ್ಲ ಎಂದಿರಿ. ಇಂದು ಅಂಕಲ್ ಬರುತ್ತಿದ್ದರು. ನಮ್ಮ ಯೂನಿವರ್ಸಿಟಿಯ ಮೈದಾನದಲ್ಲಿ ಆಟವಿದ್ದ ಭಾನುವಾರ ಒಂದೂ ತಪ್ಪಿಸಲಿಲ್ಲ. ಗೆರೆಯಾಚೆ, ಕೆಸರಿನಲ್ಲಿ, ಡಾಕ್ಟರ್ ಬ್ಯಾಗ್ ಹಿಡಿದುಕೊಂಡು ಒಬ್ಬರೇ ನಿಲ್ಲುತ್ತಿದ್ದರು. ನಾನು ಚೆಂಡು ಹಿಡಿದಾಗ ಎಲ್ಲರೂ ಕೂಗುತ್ತಿದ್ದರು, ಅವರು ಕೂಗುತ್ತಿರಲಿಲ್ಲ. ನಾನು ಬಿದ್ದು ಮತ್ತೆ ಏಳುವವರೆಗೆ ನೋಡುತ್ತಿದ್ದರು, ಅಷ್ಟೇ. ಆಟ ಮುಗಿದ ಮೇಲೆ ಬಸ್ಸಿಗೆ ಹೋಗುತ್ತಿದ್ದರು."

"ನೀನು ಮಾತಾಡಿಸ್ತಿದ್ಯಾ?" ಎಂದು ನೀರಜಾ ಕೇಳಿದರು.

"ನೋ, ಆಂಟಿ. ಒಂದು ಸಲವೂ ಇಲ್ಲ."

ಮಿಸೆಸ್ ಡಾಸನ್ ಕೆಮ್ಮಿದಳು. ಇನ್ನು ತಡಮಾಡಿದರೆ ಸ್ಲಾಟ್ ಹೋಗುತ್ತದೆ. ಅವಳು ಹೊರುವ ನಾಲ್ವರನ್ನೂ ಸಾಲಾಗಿ ನಿಲ್ಲಿಸಿ, ಬಟ್ಟೆಯಂಗಡಿಯವಳಂತೆ ಹೆಗಲಿಂದ ಹೆಗಲಿಗೆ ಕಣ್ಣು ಹಾಯಿಸಿ, ಅರ್ಜುನ್‌ನ ಮುಂದೆ ನಿಂತಳು. ಕ್ಷಮಿಸಿ, ಹೊರುವವರ ಎತ್ತರ ಸರಿಸಮ ಇರಬೇಕು, ಇಲ್ಲದಿದ್ದರೆ ಪೆಟ್ಟಿಗೆ ವಾಲಿ ಭಾರವೆಲ್ಲ ಎತ್ತರದವರ ಮೇಲೆಯೇ ಬೀಳುತ್ತದೆ ಎಂದಳು. ಈ ಜಾಗಕ್ಕೆ ತನ್ನವನೊಬ್ಬನನ್ನು ಕೊಡುತ್ತೇನೆ ಎಂದಳು.

"ಕೇಳಿದ್ಯಾ? ಭಾರವೆಲ್ಲ ನಿನ್ನ ಮೇಲೇ ಬೀಳುತ್ತಂತೆ," ಎಂದರು ವಿಜಯಾ.

ಅರ್ಜುನ್ ಕೋಟು ತೆಗೆದು ಅಪ್ಪನ ಕೈಗೆ ಕೊಟ್ಟ. "ಬಗ್ತೀನಿ ಅಮ್ಮ," ಎಂದ, ಕನ್ನಡದಲ್ಲಿ.

ಮುಂದೆ ಜಯಪ್ರಕಾಶ ಮತ್ತು ಅಶೋಕ, ಹಿಂದೆ ಮಿಥುನ್ ಮತ್ತು ಅರ್ಜುನ್. ಪೆಟ್ಟಿಗೆ ಕಾರಿನಿಂದ ಜಾರಿ ಹೆಗಲಿಗೆ ಬಂದಾಗ ಒಂದು ಗಳಿಗೆ ಮಿಥುನ್‌ನ ಕಡೆಗೆ ವಾಲಿತು. ಅರ್ಜುನ್ ಮೊಣಕಾಲು ಮಡಿಸಿದ, ಇನ್ನೂ ಮಡಿಸಿದ. ಪೆಟ್ಟಿಗೆ ಸಮನಾಯಿತು. ಪ್ರಭಾಕರ ಮಗನ ಕೋಟನ್ನು ಎದೆಗವುಚಿಕೊಂಡು ಊರುಗೋಲಿನ ಮೇಲೆ ಹಿಂದೆ ನಡೆದರು. ನೀರಜಾ ನಾರಾಯಣ ನಾರಾಯಣ ಎನ್ನುತ್ತಿದ್ದರು.

ಬಾಗಿಲವರೆಗಿನ ದಾರಿ ಸ್ವಲ್ಪ ಏರು. ಅರ್ಜುನ್ ಆ ಏರನ್ನು ಅರ್ಧ ಕುಳಿತವನಂತೆ ಮಡಿಸಿದ ಕಾಲಿನಲ್ಲೇ ಹತ್ತಿದ. ಕುತ್ತಿಗೆಯ ನರ ಉಬ್ಬಿ ಕಾಣುತ್ತಿತ್ತು, ತೊಡೆ ನಡುಗುತ್ತಿತ್ತು, ತಲೆ ಉಳಿದ ಮೂವರ ತಲೆಯ ಮಟ್ಟಕ್ಕೇ ಇತ್ತು. ಎಲ್ಲರೂ ಪೆಟ್ಟಿಗೆಯನ್ನು ನೋಡುತ್ತಿದ್ದರು. ವಿಜಯಾ ಮಾತ್ರ ದಾರಿ ಬಿಟ್ಟು ಪಕ್ಕದ ಒದ್ದೆ ಹುಲ್ಲಿಗೆ ಇಳಿದು, ಸೀರೆಯ ಅಂಚು ಕೆಸರಾಗುತ್ತಿದ್ದರೂ ಎತ್ತಿಕೊಳ್ಳದೆ, ಎರಡೂ ಕೈಗಳನ್ನು ಅರ್ಧ ಮುಂದೆ ಚಾಚಿ, ಮಗನ ಎದೆಯಿಂದ ಕಣ್ಣು ಕೀಳದೆ ಅವನ ಹೆಜ್ಜೆಗೆ ಹೆಜ್ಜೆ ಹಾಕುತ್ತಿದ್ದರು.